ಮೂರನೆಯ ಸಲ ಕಂಡ ಸಮುದ್ರ

ಮದುವೆಯಾದ ಹನ್ನೊಂದನೆಯ ದಿನ ಬೆಳಿಗ್ಗೆ ಮಾನ್ವಿಯ ಹೈಸ್ಕೂಲಿನ ವಿಜ್ಞಾನ ಶಿಕ್ಷಕರಾದ ಪಕೀರಪ್ಪ ಮಾಸ್ತರರು, ಬಿ.ಎಸ್ಸಿ., ಅಂಗಳದ ನಟ್ಟನಡುವೆ ನಿಂತು ಪ್ರತಿಜ್ಞೆ ಮಾಡಿದರು.

"ಇವತ್ತಿನಿಂದ ಎಂಟು ದಿನದಾಗ ಅರಬ್ಬೀ ಸಮುದ್ರ ತಂದು ಸೂಗಮ್ಮನ ಕಾಲ ಬುಡಕ ನಿಲ್ಲಸ್ತೀನಿ!"

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ತಾಯಿ ಯಮನಮ್ಮ ಮೊರದಿಂದ ತಲೆ ಎತ್ತಲಿಲ್ಲ.

"ಅಷ್ಟು ದೂರದಿಂದ ತರೂದಾದ್ರ ಮನಿಗೂ ಎರಡು ಕೊಡ ತಾರಪ್ಪ. ನಳ ಬಂದು ಮೂರು ದಿನ ಆತು."

ಅದು ೧೯೭೯ರ ಡಿಸೆಂಬರ್. ಮದುಮಕ್ಕಳು ಊರೂರು ತಿರುಗುವುದನ್ನು ಮಾನ್ವಿ ಆ ತನಕ ಸಿನಿಮಾದಲ್ಲಷ್ಟೇ ನೋಡಿತ್ತು. ಮಾಸ್ತರರಿಗೂ ಅಂಥ ಹುಚ್ಚೇನೂ ಇರಲಿಲ್ಲ. ಆದರೆ ಅವರು ಸಿಕ್ಕಿಬಿದ್ದಿದ್ದರು. ಹೇಗೆಂದರೆ, ಹೆಣ್ಣು ನೋಡಲು ದೇವದುರ್ಗಕ್ಕೆ ಹೋದಾಗ, ಪಿಯುಸಿ ಓದಿದ್ದ ಸೂಗಮ್ಮ ಚಹಾದ ಬಸಿ ಕೈಗಿಡುತ್ತ ಒಂದೇ ಒಂದು ಪ್ರಶ್ನೆ ಕೇಳಿದ್ದಳು.

"ನೀವು ಸಮುದ್ರ ನೋಡೀರೇನ್ರಿ?"

ತಮಗಿಂತ ಮೊದಲು ಬಂದ ಇಬ್ಬರು ವರಗಳು ಅದೇ ಪ್ರಶ್ನೆಗೆ ಬಲಿಯಾಗಿದ್ದರೆಂಬ ಸುದ್ದಿ ಮಾಸ್ತರರಿಗೆ ಮುಟ್ಟಿತ್ತು. ಐದು ವರ್ಷದಿಂದ ಎಂಟನೆಯ ತರಗತಿಗೆ ಉಬ್ಬರವಿಳಿತದ ಪಾಠ ಮಾಡಿದ ನಾಲಿಗೆ, ಯಜಮಾನನ ಅಪ್ಪಣೆ ಕೇಳದೆ ಹೊರಳಿತು.

"ಎರಡು ಸಲ ನೋಡೀನಿ. ಒಮ್ಮೆ ಮದ್ರಾಸಿನ್ಯಾಗ, ಒಮ್ಮೆ ಬೊಂಬಾಯಿದಾಗ."

ಸತ್ಯವೇನೆಂದರೆ, ಮದ್ರಾಸಿಗೂ ಬೊಂಬಾಯಿಗೂ ಹೋಗುವ ರೈಲುಗಳನ್ನು ಅವರು ರಾಯಚೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದ್ದರು. ಹತ್ತಿರಲಿಲ್ಲ. ಈ ಸತ್ಯ ಗೊತ್ತಿದ್ದ ಏಕೈಕ ಮನುಷ್ಯ ರಾಯಚೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಬಾಲ್ಯದ ಗೆಳೆಯ ಖಾಸಿಂ ಸಾಬ್. ಪ್ರವಾಸಕ್ಕೆ ತನ್ನ ಸ್ಕೂಟರ್ ಕೊಟ್ಟವನೂ ಅವನೇ. ಕೀಲಿಕೈ ಕೊಡುವಾಗ ಕಿವಿಯಲ್ಲಿ ಹೇಳಿದ್ದ:

"ಮಾಸ್ತರ್, ಗಾಡಿಗಿ ಗ್ಯಾರಂಟಿ ನಂದು. ನಿನ್ನ ನಾಲಿಗಿಗಿ ಗ್ಯಾರಂಟಿ ನಾ ಕೊಡಂಗಿಲ್ಲ ನೋಡು."

ಮಾಸ್ತರರು ಪ್ರವಾಸಕ್ಕೆ ಕೋಷ್ಟಕ ಹಾಕಿದ್ದರು. ಯಾವ ಊರು, ಎಷ್ಟು ಮೈಲಿ, ಎಷ್ಟು ಪೆಟ್ರೋಲು, ಎಲ್ಲಿ ಚಹಾ, ಎಲ್ಲಿ ವಿಶ್ರಾಂತಿ, ಎಲ್ಲ ಗೆರೆ ಹೊಡೆದು ಬರೆದಿದ್ದರು. ಹಿಂದಿನ ಸೀಟಿನಲ್ಲಿ ಸೂಗಮ್ಮ, ಅವಳ ತೊಡೆಯ ಮೇಲೆ ಅರಿವೆಯ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಮೊದಲ ದಿನವೇ ಹೊಸಪೇಟೆಯ ಡ್ಯಾಮ್. ತುಂಬಿ ನಿಂತ ನೀರು! ಆಚೆ ದಡವೇ ಕಾಣದು.

"ಸಮುದ್ರ ಇದಕ್ಕಿಂತ ಎಷ್ಟು ದೊಡ್ಡದಿರ್ತದ್ರಿ?" ಎಂದಳು ಸೂಗಮ್ಮ, ಕಣ್ಣರಳಿಸಿ.

ಮಾಸ್ತರರು ಕಣ್ಣು ಕಿರಿದು ಮಾಡಿ ಅಳೆದರು. "ಹದಿನಾರೂವರೆ ಪಟ್ಟು."

"ಆ ಅರ್ಧ ಯಾಕ್ರಿ?"

"ವಿಜ್ಞಾನದಾಗ ಸುಮಾರು ಅನ್ನೂದು ಇರಂಗಿಲ್ಲ, ಸೂಗಮ್ಮ."

ಚಿತ್ರದುರ್ಗದ ಕೋಟೆ ಹತ್ತಿ, ಬೇಲೂರಿನ ಕಂಬ ಎಣಿಸಿ, ಶಿರಾಡಿ ಘಾಟಿಯಲ್ಲಿ ಎರಡು ಸಲ ಸ್ಕೂಟರ್ ತಳ್ಳಿ, ಐದನೆಯ ದಿನ ಮಧ್ಯಾಹ್ನ ದಂಪತಿಗಳು ಮಂಗಳೂರು ಮುಟ್ಟಿದರು. ಕೋಷ್ಟಕದ ಪ್ರಕಾರ ಇಲ್ಲಿ ಮೂರು ದಿನ ಬಿಡಾರ. ಈಗ ಒಂದೇ ಕೆಲಸ ಉಳಿದಿತ್ತು: ಎರಡು ಸಲ ನೋಡಿದ ಸಮುದ್ರವನ್ನು ಮೊದಲ ಸಲ ಹುಡುಕುವುದು!

ದಾರಿ ಕೇಳೋಣವೆಂದರೆ ಬಿಗುಮಾನ. ಎರಡು ಸಲ ನೋಡಿದವನು "ಸಮುದ್ರ ಎಲ್ಲಿದೆ?" ಎಂದು ಹೆಂಡತಿಯ ಎದುರಿಗೆ ಕೇಳಲಾದೀತೆ? ಮಾಸ್ತರರು ತರ್ಕದ ಮೊರೆ ಹೋದರು. ಸಮುದ್ರವಿದ್ದಲ್ಲಿ ಹಡಗು, ಹಡಗು ಇದ್ದಲ್ಲಿ ಬಂದರು. ಒಬ್ಬ ಅಂಗಡಿಯವನ ಹತ್ತಿರ ಗಂಭೀರವಾಗಿ "ಬಂದರಕ್ಕ ಹ್ಯಾಂಗ ಹೋಗಬೇಕ್ರಿ?" ಎಂದರು. ಅವನು ಕೈ ತೋರಿಸಿದ. ಹಂಚಿನ ಗೋದಾಮುಗಳ ಓಣಿ, ಮೀನಿನ ವಾಸನೆ, ಒಂದು ಇಳಿಜಾರು; ಅಗೋ, ನೀರು! ನೀರಿನ ಮೇಲೆ ಮರದ ದೊಡ್ಡ ಹಡಗುಗಳು, ಸಾಲುಸಾಲು ದೋಣಿಗಳು!

ಮಾಸ್ತರರು ಸ್ಕೂಟರ್ ನಿಲ್ಲಿಸಿ, ಎದೆ ಉಬ್ಬಿಸಿ, ಬಲಗೈ ಚಾಚಿದರು.

"ಸೂಗಮ್ಮ, ಅರಬ್ಬೀ ಸಮುದ್ರ!"

ಸೂಗಮ್ಮ ನೋಡಿದಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು.

"ಹೊಸಪೇಟಿ ಡ್ಯಾಮೇ ಇದಕ್ಕಿಂತ ದೊಡ್ಡದಿತ್ತಲ್ರಿ."

ಮಾಸ್ತರರಿಗೂ ಹಾಗೇ ಅನ್ನಿಸಿತ್ತು. ಆದರೂ ಬಿಡಲಿಲ್ಲ. "ಇಲ್ಲಿ ಅಗಲ ಕಡಿಮಿ, ಆಳ ಹೆಚ್ಚು."

"ಆ ಕಡಿ ತೆಂಗಿನ ಗಿಡ ಕಾಣಾಕತ್ತಾವ. ಅದ್ಯಾವ ಊರ್ರಿ?"

ಸಮುದ್ರದಾಚೆಗೆ ಏನಿರುತ್ತದೆ? ಮಾಸ್ತರರ ತಲೆಯಲ್ಲಿ ಭೂಗೋಳದ ನಕಾಶೆ ಗರಗರ ತಿರುಗಿತು. ತೆಂಗಿನ ಮರವಿರುವ ನೆಲ, ಪಶ್ಚಿಮ ದಿಕ್ಕು...

"ಲಕ್ಷದ್ವೀಪ!"

ಆಗಲೇ ಒಬ್ಬ ಹೆಂಗಸು ಮೀನಿನ ಬುಟ್ಟಿ ಹೊತ್ತು ಕಡವಿನ ದೋಣಿ ಏರಿದಳು. ದೋಣಿ ಆಚೆ ಹೋಯಿತು. ಮಾಸ್ತರರು ಕಡಲೆಕಾಯಿ ಕೊಂಡು ಅರ್ಧ ಪೊಟ್ಟಣ ಮುಗಿಸುವಷ್ಟರಲ್ಲಿ ಅದೇ ಹೆಂಗಸು ಖಾಲಿ ಬುಟ್ಟಿಯೊಡನೆ ಈಚೆ ಇಳಿದಳು.

"ಲಕ್ಷದ್ವೀಪಕ ಹೋಗಿ ಬಾಳ ಲಗೂನ ಬಂದಳಲ್ರಿ!"

"ರೂಢಿ ಇರ್ತದ ಅವರಿಗಿ."

ಸೂಗಮ್ಮ ಸುಮ್ಮನಿರುವ ಪೈಕಿ ಅಲ್ಲ. ಕೃಷ್ಣಾ ಹೊಳೆಯ ಸೀಮೆಯಲ್ಲಿ ಬೆಳೆದವಳು. ನೀರಿನಲ್ಲಿ ತೇಲುತ್ತಿದ್ದ ಒಂದು ತೆಂಗಿನ ಸಿಪ್ಪೆಯನ್ನು ತೋರಿಸಿ, "ಅದು ಒಂದೇ ಕಡಿ ಹೊಂಟದ ನೋಡ್ರಿ. ನೀರು ಹರಿಯಾಕತ್ತದ. ಇದು ಹೊಳಿ ಇದ್ದಂಗದ," ಎಂದಳು. ಮಾಸ್ತರರು ಕಡಲೆಕಾಯಿಯ ಪೊಟ್ಟಣವನ್ನು ಜೇಬಿಗೆ ತುರುಕಿದರು. ಅಷ್ಟರಲ್ಲಿ ವಿಜ್ಞಾನವೇ ಅವರ ನೆರವಿಗೆ ಬಂತು. ಸಿಪ್ಪೆ ನಿಧಾನವಾಯಿತು, ನಿಂತಿತು, ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು!

"ನೋಡಿದೇನು? ಉಬ್ಬರ! ನಿಮ್ಮ ಕೃಷ್ಣಾ ಹೊಳಿ ಎಂದಾದ್ರೂ ಹಿಂದಕ ಹರದದೇನು?"

ಸೂಗಮ್ಮ ಬಾಯಿ ಮೇಲೆ ಬೆರಳಿಟ್ಟಳು. ಹಿಂದಕ್ಕೆ ಹರಿಯುವ ಹೊಳೆಯನ್ನು ರಾಯಚೂರು ಜಿಲ್ಲೆಯಲ್ಲಿ ಯಾರೂ ಕಂಡಿರಲಿಲ್ಲ. ಮಾಸ್ತರರು ಒಂದು ಬೊಗಸೆ ನೀರು ಬಾಯಿಗೆ ಹಾಕಿದರು. ಉಪ್ಪು! ಗೆದ್ದರು! ಅದೇ ಹುರುಪಿನಲ್ಲಿ, ಶಾಲೆಯ ಪ್ರಯೋಗಾಲಯಕ್ಕೆಂದು ತಂದಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ತುಂಬಿಸಿಯೂ ಬಿಟ್ಟರು.

ಅಲ್ಲಿಗೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ವಿಜ್ಞಾನಿಗೆ ಪ್ರಮಾಣ ಬೇಕಲ್ಲ! ಮರುದಿನ ಬೆಳಿಗ್ಗೆ ಇನ್ನೊಂದು ಲೀಟರು ನೀರು ತಂದು, ಲಾಡ್ಜಿನ ಅಡುಗೆಯವನನ್ನು ಪುಸಲಾಯಿಸಿ ಒಲೆಯ ಮೇಲೆ ಬತ್ತಿಸಿದರು.

"ಲೀಟರಿಗಿ ಮೂವತ್ತೈದು ಗ್ರಾಂ ಉಪ್ಪು ಬರ್ತದ. ಅಂದ್ರ ಚಹಾದ ಚಮಚದಾಗ ಆರು," ಎಂದು ಮೊದಲೇ ಸಾರಿದರು.

ಪಾತ್ರೆ ಕೆರೆದರೆ ಬಂದದ್ದು ಮೂರು.

"ಅರ್ಧ ಉಪ್ಪು ಎಲ್ಲಿ ಹೋತ್ರಿ?"

"ಮಳಿಗಾಲ ಮುಗಿದು ಬಾಳ ದಿನ ಆಗಿಲ್ಲ. ಸಮುದ್ರ ಇನ್ನಾ ತೆಳ್ಳಗದ."

"ನೀರಿನ್ಯಾಗ ಅಲೆ ಯಾಕಿಲ್ಲರಿ?"

"ಡಿಸೆಂಬರ್‌ದಾಗ ಇರಂಗಿಲ್ಲ."

"ಮತ್ತ ಆ ತೆಂಗಿನ ಗಿಡದ ಕಡಿಯಿಂದ ಗೊಳ್ಳಂತ ಸಪ್ಪಳ ಬರಾಕತ್ತದಲ್ಲ? ನಿನ್ನಿಯಿಂದ ಕೇಳಾಕತ್ತೀನಿ."

ಮಾಸ್ತರರು ಕಿವಿಗೊಟ್ಟರು. ತೆಂಗಿನ ಮರಗಳ ಆಚೆಯಿಂದ ನಿಜಕ್ಕೂ ಒಂದು ಗಂಭೀರ ಗರ್ಜನೆ ಬರುತ್ತಿತ್ತು.

"ಫ್ಯಾಕ್ಟರಿ," ಎಂದರು.

ಅದೇ ಸಂಜೆ ಸೂಗಮ್ಮ ಲಾಡ್ಜಿನಲ್ಲಿ ತಲೆ ಬಾಚುತ್ತಿದ್ದಾಗ, ಮಾಸ್ತರರು ಒಬ್ಬರೇ ಬಂದರಿಗೆ ಬಂದು ನೀರಿನ ಜೊತೆ ಖಾಸಗಿ ಮಾತುಕತೆ ನಡೆಸಿದ್ದರು. ಹಿಂದಿನಿಂದ ಯಾರೋ ಕೂಗಿದರು.

"ಮಾಸ್ತರ್ ಅಲ್ಲೇನ್ರಿ? ಮಾನ್ವಿ ಪಕೀರಪ್ಪ ಮಾಸ್ತರ್!"

ತಲೆಗೆ ಗೋಣಿಚೀಲ ಕಟ್ಟಿಕೊಂಡ ಹಮಾಲ. ದೇವದುರ್ಗದ ಹತ್ತಿರದ ಅರಕೇರಾದ ಸಾಬಣ್ಣ. ಊರಲ್ಲಿ ಕೆಲಸವಿಲ್ಲದಾಗ ಇಲ್ಲಿ ಬಂದು ಹಂಚಿನ ಲಾರಿ ತುಂಬುತ್ತಿದ್ದವನು, ಸೂಗಮ್ಮನ ಮದುವೆಯಲ್ಲಿ ಮೂರು ಪಂಕ್ತಿ ಬಡಿಸಿದ್ದವನು.

"ನಮ್ಮ ಸೂಗವ್ವನ್ನ ಕರ್ಕೊಂಡು ಬಂದೀರೇನು? ಸಮುದ್ರ ತೋರಿಸಿದ್ರ್ಯಾ?"

"ನಿನ್ನೆನೇ ತೋರಿಸಿದೆ. ಇದಲ್ಲೇನು!"

ಸಾಬಣ್ಣ ನೀರು ನೋಡಿದ. ಮಾಸ್ತರರ ಮುಖ ನೋಡಿದ. ನಗಬೇಕೋ ಬೇಡವೋ ತಿಳಿಯದೆ ತಲೆಯ ಚೀಲ ಬಿಚ್ಚಿ ಮತ್ತೆ ಕಟ್ಟಿದ.

"ಯಪ್ಪಾ, ಇದು ಗುರುಪುರ ಹೊಳಿರೀ. ಸಮುದ್ರ ಆ ಉಸುಕಿನ ದಿಬ್ಬದ ಆಚಿಗದ. ದೋಣ್ಯಾಗ ಐದು ಮಿನಿಟು, ಆಮ್ಯಾಲ ನಡದ್ರ ಹತ್ತು ಮಿನಿಟು. ಗೊಳ್ಳಂತ ಸಪ್ಪಳ ಕೇಳಂಗಿಲ್ಲೇನು?"

ಮಾಸ್ತರರ ಕಾಲಡಿಯ ಭೂಮಿ ತನ್ನ ಅಕ್ಷವನ್ನು ಬಿಟ್ಟು ಬೇರೊಂದರ ಸುತ್ತ ತಿರುಗಿತು. ಲಕ್ಷದ್ವೀಪ! ಫ್ಯಾಕ್ಟರಿ! ತೆಳ್ಳಗಿನ ಸಮುದ್ರ! ಸೂಗಮ್ಮ ತಮ್ಮನ್ನು ಒಪ್ಪಿದ್ದೇ ಆ 'ಎರಡು ಸಲ'ದ ಬಲದ ಮೇಲೆ. ಅದು ಸುಳ್ಳೆಂದು ತಿಳಿದರೆ, ಇನ್ನು ಮೇಲೆ ಈ ಬಾಯಿಂದ ಬಂದ ಯಾವ ಮಾತನ್ನು ಅವಳು ನಂಬಿಯಾಳು? ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದರೂ "ನೋಡೀರೇನ್ರಿ?" ಎಂದು ಕೇಳಿಯಾಳು.

"ಸಾಬಣ್ಣ, ನೀ ನನ್ನ ತಮ್ಮ ಇದ್ದಂಗ. ಇನ್ನೆರಡು ದಿನ ನೀ ನಮಗ ಕಾಣಸ್ಕೋಬ್ಯಾಡ."

"ಸೂಗವ್ವನ್ನ ಮಾತಾಡಿಸಲಾರದ ಹ್ಯಾಂಗ ಇರಲ್ರಿ?"

"ಊರಿಗಿ ಬಂದಾಗ ಮಾತಾಡಿಸು! ಊಟಕ್ಕೇ ಬಾ! ಎಂಟು ದಿನ ಇರು!"

ಮೂರನೆಯ ದಿನ ಮಾಸ್ತರರು ಹೆಂಡತಿಯನ್ನು ಬಂದರಿನಿಂದ ಸಾಧ್ಯವಾದಷ್ಟು ದೂರ ಇಟ್ಟರು. ಗುಡಿ ತೋರಿಸಿದರು, ಹಂಚಿನ ಕಾರ್ಖಾನೆ ತೋರಿಸಿದರು, ಗೋಡಂಬಿ ಸುಲಿಯುವುದನ್ನು ಒಂದು ತಾಸು ತೋರಿಸಿದರು. ಮಧ್ಯಾಹ್ನ ಊಟವಾದ ಮೇಲೆ ನೋಟುಪುಸ್ತಕ ತೆರೆದು, 'ಲಕ್ಷದ್ವೀಪವನ್ನು ಹಿಂತೆಗೆದುಕೊಳ್ಳುವ ವಿಧಾನಗಳು' ಎಂದು ತಲೆಬರಹ ಕೊಟ್ಟು, ಕೆಳಗೆ ಒಂದು ಗೆರೆ ಎಳೆದು, ಗೆರೆಯ ಮೇಲೇ ನಿದ್ದೆಹೋದರು.

ಎದ್ದು ನೋಡಿದರೆ ಸೂಗಮ್ಮ ಇಲ್ಲ. ಪ್ರಯೋಗಾಲಯದ ಖಾಲಿ ಬಾಟಲಿಯೂ ಇಲ್ಲ. ನೋಟುಪುಸ್ತಕದಲ್ಲಿ, ಅವರ ತಲೆಬರಹದ ಕೆಳಗೆ, ದುಂಡನೆಯ ಅಕ್ಷರದಲ್ಲಿ ಒಂದು ಸಾಲು:

'ಲಕ್ಷದ್ವೀಪಕ್ಕೆ ಹೋಗಿರುತ್ತೇನೆ. ಚಹಾದ ಹೊತ್ತಿಗೆ ಬರುತ್ತೇನೆ.'

ಮಾಸ್ತರರು ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡು, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಪಕ್ಕದ ಕೋಣೆಯವರ ಚಪ್ಪಲಿ ಮೆಟ್ಟಿ ಓಡಿದರು. ಬಂದರು ಮುಟ್ಟುವಾಗ ಕಡವಿನ ದೋಣಿ ಈಚೆ ದಡಕ್ಕೆ ಬರುತ್ತಿತ್ತು. ಮೀನಿನ ಬುಟ್ಟಿಗಳ ನಡುವೆ ಮಹಾರಾಣಿಯಂತೆ ಕುಳಿತಿದ್ದಾಳೆ ಸೂಗಮ್ಮ! ಸೀರೆ ಮೊಣಕಾಲ ತನಕ ತೊಯ್ದಿದೆ, ಉಡಿಯಲ್ಲಿ ಕಪ್ಪೆಚಿಪ್ಪು, ಕೈಯಲ್ಲಿ ತುಂಬಿದ ಬಾಟಲಿ. ಹುಟ್ಟಿನ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತವನು ಸಾಬಣ್ಣ.

"ಮಾಸ್ತರ್, ನಾ ಕಾಣಸ್ಕೊಂಡಿಲ್ರಿ. ದೋಣಿ ಹತ್ತಾಕ ಬಂದ ಸೂಗವ್ವನೇ ನನ್ನ ಗುರುತು ಹಿಡಿದಳು," ಎಂದ.

ಸೂಗಮ್ಮ ದೋಣಿಯಿಂದ ಇಳಿಯಲಿಲ್ಲ. ಪಕ್ಕದ ಹಲಗೆ ತಟ್ಟಿದಳು.

"ಹತ್ರಿ. ನಿಮಗ ಮೂರನೇ ಸಲ ಸಮುದ್ರ ತೋರಿಸ್ತೀನಿ."

ದೋಣಿಯಲ್ಲಿ ಐದು ನಿಮಿಷ. ಉಸುಕಿನಲ್ಲಿ ಹತ್ತು ನಿಮಿಷ. ಮಾಸ್ತರರು ಜೀವಮಾನದಲ್ಲಿ ಅಷ್ಟು ಉದ್ದದ ಹದಿನೈದು ನಿಮಿಷ ಕಂಡಿರಲಿಲ್ಲ. ಕೊನೆಯ ತೆಂಗಿನ ಮರ ದಾಟಿದರು. ಅಷ್ಟೇ. ಆಚೆಗೆ ಏನೂ ಇರಲಿಲ್ಲ. ನೀರು, ನೀರು, ಆಮೇಲೆ ಆಕಾಶ! 'ಫ್ಯಾಕ್ಟರಿ' ಮನೆಯಷ್ಟು ಎತ್ತರ ಎದ್ದು, ಬಿದ್ದು, ನೊರೆಯಾಗಿ ಓಡಿ ಬಂದು ಅವರ ಎರಡು ನಮೂನೆಯ ಚಪ್ಪಲಿಗಳನ್ನೂ ಒಯ್ದಿತು.

"ಈಗ ಹೇಳ್ರಿ. ಡ್ಯಾಮಿನ ಎಷ್ಟು ಪಟ್ಟು?"

ಮಾಸ್ತರರು ಬಾಯಿ ತೆರೆದರು. ಅಂಕಿ ಬರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ಅವರಿಗೆ ಅಂಕಿ ಬರಲಿಲ್ಲ. ಬಂದದ್ದು ಬೇರೆ.

"ಸೂಗಮ್ಮ... ಮದ್ರಾಸೂ ಇಲ್ಲ, ಬೊಂಬಾಯೂ ಇಲ್ಲ. ನಾ ಇದನ್ನ ನೋಡೂದು ಇದೇ ಮೊದಲು."

"ಗೊತ್ತದ."

"ಯಾರು ಹೇಳಿದ್ರು? ಸಾಬಣ್ಣ?"

"ನೀವೇ ಹೇಳಿದ್ರಿ. ಚಹಾ ಕೊಟ್ಟ ದಿನ, ಸಮುದ್ರ ಹ್ಯಾಂಗಿರ್ತದ ಅಂತ ನಮ್ಮಪ್ಪ ಕೇಳಿದಾಗ, 'ಭೂಮಿಯ ಶೇಕಡಾ ಎಪ್ಪತ್ತೊಂದು ಭಾಗ' ಅಂದ್ರಿ. ನೋಡಿದವರು ಯಾರಾದ್ರೂ ಹಂಗ ಹೇಳ್ತಾರೇನು?"

"ಮತ್ತ ನನ್ನ ಯಾಕ ಒಪ್ಪಿದಿ?"

ಸೂಗಮ್ಮ ಅಲೆಯ ಕಡೆ ನೋಡುತ್ತ ಸೆರಗಿನ ನೀರು ಹಿಂಡಿದಳು.

"ಮೊದಲು ಬಂದವರಿಬ್ರೂ 'ನೋಡಿಲ್ಲ, ನೋಡಿ ಏನು ಮಾಡೂದದ' ಅಂದ್ರು. ನೀವು ಸುಳ್ಳಾದ್ರೂ ಹೇಳಿದ್ರಿ. ಸುಳ್ಳು ಹೇಳಿದವ್ರು ಅದನ್ನ ಖರೇ ಮಾಡಾಕಾದ್ರೂ ಕರ್ಕೊಂಡು ಹೋಗ್ತಾರ ಅಂತ ಒಪ್ಪಿದೆ. ಹೊಳಿ ತೋರಿಸ್ತೀರಿ ಅಂತ ಮಾತ್ರ ಅನ್ಕೊಂಡಿದ್ದಿಲ್ಲ!"

ಬರಿಗಾಲಿನ ಮಾಸ್ತರರು ಮಾನ್ವಿಗೆ ಮರಳಿದರು. ಯಮನಮ್ಮ ಎರಡು ಕೊಡದ ಬದಲು ಎರಡು ಬಾಟಲಿ ನೀರು ಕಂಡು, "ಇದಕ ಇಷ್ಟು ದೂರ ಹೋಗಿದ್ರ್ಯಾ?" ಎಂದು ಒಳಗೆ ಹೋದಳು. ಬಾಟಲಿಗಳು ಶಾಲೆಯ ಪ್ರಯೋಗಾಲಯದ ಕಪಾಟು ಸೇರಿದವು. ಎರಡಕ್ಕೂ ಚೀಟಿ ಬರೆದು ಅಂಟಿಸಿದವಳು ಸೂಗಮ್ಮ. ಒಂದರ ಮೇಲೆ 'ಅರಬ್ಬೀ ಸಮುದ್ರ'. ಇನ್ನೊಂದರ ಮೇಲೆ 'ಮಾಸ್ತರರ ಸಮುದ್ರ'. ಮಾಸ್ತರರು ಅದನ್ನು ಕೀಳಲು ನೋಡಿದರು. ಗಟ್ಟಿ ಅಂಟು, ಬರಲಿಲ್ಲ.

ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆ. ಕಟ್ಟೆಯ ಮೇಲೆ ಕುಳಿತು ಎಂಟನೆಯ ತರಗತಿಯ ಭೂಗೋಳದ ಉತ್ತರಪತ್ರಿಕೆಯನ್ನೂ ತಿದ್ದುತ್ತಿದ್ದ ಮಾಸ್ತರರು ಒಂದು ಕಡೆ ಗಕ್ಕನೆ ನಿಂತರು. ಪ್ರಶ್ನೆ: 'ಭಾರತವನ್ನು ಸುತ್ತುವರಿದ ಸಮುದ್ರಗಳು ಯಾವುವು?' ಉತ್ತರ: 'ಅರಬ್ಬೀ ಸಮುದ್ರ, ಹಿಂದೂ ಮಹಾಸಾಗರ, ಬಂಗಾಳ ಕೊಲ್ಲಿ ಮತ್ತು ಮಾಸ್ತರರ ಸಮುದ್ರ.'

ಮಾಸ್ತರರು ಹಲ್ಲು ಕಚ್ಚಿ, ಕೊನೆಯದಕ್ಕೆ ದೊಡ್ಡದೊಂದು ಸೊನ್ನೆ ಸುತ್ತಲು ಕೆಂಪು ಪೆನ್ನು ಎತ್ತಿದರು. ಹಿಂದಿನಿಂದ ಇಣುಕಿದ ಸೂಗಮ್ಮ ಅವರ ಕೈ ಹಿಡಿದಳು.

"ಸೊನ್ನಿ ಯಾಕ್ರಿ? ಅರ್ಧ ಮಾರ್ಕ್ಸ್ ಕೊಡ್ರಿ. ಉಪ್ಪು ಅರ್ಧ ಇತ್ತಲ್ಲ!"

ವಿಜ್ಞಾನದಲ್ಲಿ ಸುಮಾರು ಅನ್ನುವುದು ಇರುವುದಿಲ್ಲ. ಮಾಸ್ತರರು ಅರ್ಧ ಅಂಕ ಕೊಟ್ಟರು.