ಮೂರನೇ ಸಿಲಿಂಡರಿಗೆ ಪೂಜೆ

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬರುವವರನ್ನು ನೀವು ನೋಡಿರಬಹುದು. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ. ವಾಪಸು ಬಂದು, ಆರಿಸಿದ್ದೇನೆ ಎಂದು ಕಣ್ಣಾರೆ ನೋಡಿ, ಮತ್ತೆ ಹೊರಟು, ನೋಡುವ ಗಡಿಬಿಡಿಯಲ್ಲಿ ಕೈ ತಾಗಿಸಿ ಹಚ್ಚಿಬಿಟ್ಟೆನೇನೋ ಎಂದು ಎರಡನೇ ಸಲ ವಾಪಸು ಬರುವವನು. ಇಂಥವನನ್ನು ಲೋಕ ದಡ್ಡ ಎನ್ನುತ್ತದೆ. ಜಪಾನಿನ ನಗೋಯಾದ ನಮ್ಮ ಕಂಪನಿ ಮಾತ್ರ ಕ್ವಾಲಿಟಿ ಎಂಜಿನಿಯರ್ ಎನ್ನುತ್ತದೆ. ಕಾರುಗಳಿಗೆ ರಬ್ಬರ್ ಪೈಪು ಮಾಡುವ ಕಂಪನಿ ಅದು. ಯಾವುದಾದರೂ ಪೈಪು ಒಡೆದರೆ ಅದನ್ನು ಮಾಡಿದವರನ್ನು ಎದುರಿಗೆ ಕೂರಿಸಿಕೊಂಡು ಐದು ಸಲ 'ಯಾಕೆ' ಎಂದು ಕೇಳುವುದು ನನ್ನ ಉದ್ಯೋಗ. ಒಡೆದದ್ದು ಯಾಕೆ, ತೆಳ್ಳಗಾದದ್ದು ಯಾಕೆ, ಅಚ್ಚು ಸವೆದದ್ದು ಯಾಕೆ, ಹೀಗೆ. ಐದನೇ ಯಾಕೆಗೆ ನಿಜವಾದ ಕಾರಣ ಬಾಯಿ ಬಿಡುತ್ತದೆ ಎಂದು ಇಲ್ಲಿನವರ ನಂಬಿಕೆ. ಹದಿನಾರು ವರ್ಷಗಳಿಂದ ಕೇಳುತ್ತಿದ್ದೇನೆ. ನನ್ನನ್ನು ಯಾರೂ ತಿರುಗಿ ಕೇಳಿರಲಿಲ್ಲ.

ಕೊರೊನಾ ಬಂದ ವರ್ಷ ನನಗೆ ರೈಲಿನ ಚಿಂತೆ ಹತ್ತಿತು. ಸಬ್‌ವೇಯಲ್ಲಿ ಯಾರೋ ಮಾಸ್ಕಿನೊಳಗೆ ಗಂಟಲು ಸರಿ ಮಾಡಿಕೊಂಡರೆ ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೋಗಿ ಬದಲಾಯಿಸುತ್ತಿದ್ದೆ. ಒಂದು ದಿನ ಐದು ಸಲ ಬದಲಾಯಿಸಿ, ಆಫೀಸಿನ ಸ್ಟೇಷನ್ ಬರುವ ಹೊತ್ತಿಗೆ ಮೊದಲಿನ ಬೋಗಿಗೇ ಬಂದಿದ್ದೆ. ಆದ್ದರಿಂದ ಕಾರು ಬೇಕೆಂದು ಮನೆಯಲ್ಲಿ ಮಂಡಿಸಿದೆ. ಇಲ್ಲಿಯವರೆಗೆ ಎಲ್ಲ ಸರಿ. ಹಳೇ ಕಾರು ನೋಡಲು ಹೋದವನು ತರಕಾರಿ ಚೀಲ ಹಿಡಿಯುವಂಥ ಒಂದು ಡಬ್ಬಿ ಕಾರಿನ ಪಕ್ಕದಲ್ಲಿ ನಿಂತಿದ್ದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ, ಕೆಂಪು ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ತಂದುಬಿಟ್ಟೆ. ಯಾಕೆ ಎಂದರೆ ನನಗೆ ಒಂದನೇ ಯಾಕೆಗೂ ಉತ್ತರ ಗೊತ್ತಿಲ್ಲ. ನಲವತ್ತೇಳನೇ ವಯಸ್ಸು ಎಂದಷ್ಟೇ ಹೇಳಬಲ್ಲೆ.

ನನ್ನ ಹೆಂಡತಿ ಶೈಲಾ ಬಾಲ್ಕನಿಯಿಂದ ನೋಡಿದಳು. ನಾವು ಮೂರು ಜನ ಇದ್ದೇವೆ ಎಂದು ನೆನಪಿಸಿದಳು. ಆಮೇಲೆ, ಇದನ್ನು ಮಾರಿದವರೇ ಬೆಟ್ಟದ ಕಡೆ ಕಾರು ರೇಸಿನ ಒಂದು ಸರ್ಕ್ಯೂಟ್ ಇದೆಯೆಂದೂ, ತಿಂಗಳಿಗೊಂದು ಭಾನುವಾರ ಸಾಮಾನ್ಯರೂ ಅಲ್ಲಿ ಮನಸ್ಸು ಬಂದಷ್ಟು ಜೋರಾಗಿ ಓಡಿಸಬಹುದೆಂದೂ ನನ್ನ ಕಿವಿಗೆ ಹಾಕಿದ್ದು ಗೊತ್ತಾದಾಗ, ಅವಳು ಪಲ್ಯಕ್ಕೆ ಒಗ್ಗರಣೆ ಹಾಕುತ್ತಲೇ ಹೇಳಿದಳು: "ಊರಿಗೆ ಹೋಗೋಕೆ ಫ್ಲೈಟಿಲ್ಲ. ನೀವು ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರೋಕೆ ಕಾರು ತಗೊಂಡ್ರಾ?"

ಆ ವರ್ಷದ ಆಯುಧಪೂಜೆಗೆ ಕಾರು ಬಂದು ಎರಡು ವಾರವಾಗಿತ್ತು. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಶೈಲಾ ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದು, ಚಮಚದಲ್ಲಿ ನೀರು ಚಿಮುಕಿಸಿ, ಹೂವಿಟ್ಟು, ಮಂಗಳಾರತಿ ಮಾಡಿದಳು. ತೆಂಗಿನಕಾಯಿ ಒಡೆದರೆ ಮ್ಯಾನೇಜರು ಏನೆನ್ನುತ್ತಾರೋ ಎಂದು ಅದನ್ನು ಬಾತ್‌ರೂಮಿನಲ್ಲಿ ಒಡೆದುಕೊಂಡು ಬಂದಿದ್ದೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದೆ. ಮರುದಿನ ನಮ್ಮ ಲೆಟರ್‌ಬಾಕ್ಸಿನಲ್ಲಿ ಯಾರೋ ಬಹಳ ವಿನಯದಿಂದ ಬರೆದ ಚೀಟಿ ಇತ್ತು: ತಮ್ಮ ಚೀಲದಿಂದ ನಿಂಬೆಹಣ್ಣು ಬಿದ್ದು ಜಜ್ಜಿಹೋಗಿರುವುದು ತುಂಬ ವಿಷಾದಕರ, ಚೀಲ ತೂತಾಗಿರಬಹುದು, ದಯವಿಟ್ಟು ನೋಡಿಕೊಳ್ಳಿ.

ಪೂಜೆ ಮುಗಿದು ಹೆಂಡತಿ, ಮಗಳು ಮೇಲೆ ಹೋದರು. ಅಲ್ಲಿಗೆ ನಾನೂ ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ನನಗೆ ಚಿಂತೆ ಶುರುವಾಯಿತು. ಪೂಜೆ ಆದದ್ದು ತಗಡಿಗೆ. ಓಡುವುದು ಎಂಜಿನ್ನು. ಆಯುಧ ಎನ್ನುವುದಾದರೆ ಯಾವುದು ಆಯುಧ? ಅತ್ತಿತ್ತ ನೋಡಿ ಬಾನೆಟ್ ಎತ್ತಿ, ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಚೊಂಬಿನಲ್ಲಿ ಉಳಿದ ನೀರನ್ನೆಲ್ಲ ಭಕ್ತಿಯಿಂದ ಸುರಿದು, ಕುಂಕುಮವಿಟ್ಟು, ಒಂದು ಹಿಡಿ ಅಕ್ಷತೆ ಹಾಕಿ ಕೈ ಮುಗಿದು, ಮೇಲೆ ಕಾಣುವುದನ್ನೆಲ್ಲ ಒರೆಸಿ ಮುಚ್ಚಳ ಹಾಕಿದೆ. ಮನಸ್ಸಿಗೆ ಹಗುರವಾಯಿತು.

ಮುಂದಿನ ಭಾನುವಾರ ಸರ್ಕ್ಯೂಟಿನಲ್ಲಿ ನಾಲ್ಕನೇ ಸುತ್ತಿಗೆ ಕಾರು ಚಳಿಜ್ವರ ಬಂದವರ ಹಾಗೆ ನಡುಗಿತು. ಬೆಂಗಳೂರಿನ ಗ್ಯಾರೇಜುಗಳಲ್ಲಿ ಇದಕ್ಕೆ 'ಗಾಡಿ ಮಿಸ್ಸಿಂಗ್ ಹೊಡೀತಿದೆ' ಎನ್ನುತ್ತಾರೆ. ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರು, ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಇಗ್ನಿಷನ್ ಕಾಯಿಲ್. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಸಾವಿರಾರು ವೋಲ್ಟು ಮಾಡಿ ಸ್ಪಾರ್ಕ್ ಪ್ಲಗ್ಗಿಗೆ ಕೊಟ್ಟು ಕಿಡಿ ಹಾರಿಸುವುದು ಅದರ ಕೆಲಸ. ಕಾಯಿಲ್ ಸತ್ತರೆ ಆ ಸಿಲಿಂಡರು ಏನೂ ಮಾಡದೆ ಉಳಿದ ಮೂರರ ಜೊತೆ ಸುಮ್ಮನೆ ಮೇಲೆ ಕೆಳಗೆ ಓಡಾಡಿಕೊಂಡಿರುತ್ತದೆ. ಆಫೀಸುಗಳಲ್ಲಿ ಇಂಥವರು ರಿಟೈರಾಗುವ ತನಕ ಗೊತ್ತಾಗುವುದಿಲ್ಲ. ಎಂಜಿನ್ನಿನಲ್ಲಿ ತಕ್ಷಣ ಗೊತ್ತಾಗಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣಿಮಿಣಿ ಎನ್ನುತ್ತದೆ.

ಕಾರು ಮನೆಗೆ ಲಾರಿಯ ಬೆನ್ನೇರಿ ಬಂತು. ಕೊರೊನಾ ಕಾಲದ ಭಾನುವಾರವಾದ್ದರಿಂದ ಇಡೀ ಅಪಾರ್ಟ್‌ಮೆಂಟ್ ಮನೆಯಲ್ಲೇ ಇತ್ತು. ಲಾರಿ ಹಿಂದಕ್ಕೆ ಬರುವಾಗ ಕೀಂಕೀಂ ಎಂದದ್ದಕ್ಕೆ ಒಂದೊಂದೇ ಬಾಲ್ಕನಿಯಲ್ಲಿ ತಲೆ ಕಾಣಿಸಿತು. ಎಲ್ಲರೂ ಸಹಾನುಭೂತಿಯಿಂದ ತಲೆ ಬಾಗಿಸಿದರು. ಶೈಲಾ ತಾನೂ ತಿರುಗಿ ಎಲ್ಲರಿಗೂ ತಲೆ ಬಾಗಿಸಿದಳು. ಬಾಗಿಸುವಾಗ ನನ್ನನ್ನು ನೋಡುತ್ತಿದ್ದಳು.

ಸತ್ತಿದ್ದ ಮೊದಲನೇ ಸಿಲಿಂಡರಿನ ಕಾಯಿಲ್ ಬದಲಾಯಿಸಿದವರು ಹಿರಾನೋ ಸಾನ್; ಸಾನ್ ಎಂಬುದು ಇಲ್ಲಿ ಗೌರವಕ್ಕೆ ಸೇರಿಸುವ ಮಾತು. ಎಪ್ಪತ್ತು ದಾಟಿದ ಮೆಕ್ಯಾನಿಕ್, ಪುಟ್ಟ ಗ್ಯಾರೇಜು ಇಟ್ಟುಕೊಂಡಿದ್ದಾರೆ, ಭಾನುವಾರ ತಾವೂ ಸರ್ಕ್ಯೂಟಿನಲ್ಲಿ ಓಡಿಸುತ್ತಾರೆ. ಎಂಜಿನ್ ತೊಳೆದಿರಾ ಎಂದು ಅವರು ಕೇಳಿದರು. ಇಲ್ಲ ಎಂದೆ. ಇದನ್ನು ನೀವು ನಂಬಬೇಕು: ನಾನು ಸುಳ್ಳು ಹೇಳಲಿಲ್ಲ. ತೊಳೆಯುವುದು ಬೇರೆ, ಪೂಜೆ ಬೇರೆ. ದೇವರಿಗೆ ಅಭಿಷೇಕ ಮಾಡಿದವನನ್ನು ಪಾತ್ರೆ ತೊಳೆದೆಯಾ ಎಂದು ಕೇಳಿದರೆ ಅವನೇನು ಹೇಳುತ್ತಾನೆ? ಹಾಗಾದರೆ ಹಳೇ ಕಾಯಿಲ್, ಶಾಖಕ್ಕೆ ಹೋಗಿರಬೇಕು ಎಂದು ಹಿರಾನೋ ಸಾನ್ ಹೊಸದನ್ನು ಕೂರಿಸಿದರು.

ಒಂದು ಸಲ ಕೆಟ್ಟದ್ದು ಇನ್ನೊಂದು ಸಲ ಕೆಡಬಾರದಲ್ಲ. ಆದ್ದರಿಂದ ಮುಂದಿನ ಸರ್ಕ್ಯೂಟಿನ ಹಿಂದಿನ ದಿನ ಇನ್ನೂ ಸ್ವಲ್ಪ ಜಾಸ್ತಿ ಶ್ರದ್ಧೆಯಿಂದ, ಎರಡು ಚೊಂಬು ನೀರಿನಲ್ಲಿ, ಯಾರಿಗೂ ಗೊತ್ತಾಗದಂತೆ ಪೂಜೆ ಮಾಡಿದೆ. ಎರಡನೇ ಸಿಲಿಂಡರಿನ ಕಾಯಿಲ್ ಹೋಯಿತು. ಮತ್ತೆ ಲಾರಿ, ಮತ್ತೆ ಬಾಲ್ಕನಿಗಳು. ಅಂದು ಶೈಲಾ ಯಾರಿಗೂ ತಲೆ ಬಾಗಿಸಲಿಲ್ಲ. ಒಳಗೆ ಬಂದು ಕೂತು ನಿಧಾನವಾಗಿ ಹೇಳಿದಳು. "ರೀ, ನಾನು ಜಗಳ ಆಡ್ತಿಲ್ಲ. ಮೂರನೇ ಸಲ ಇದು ಲಾರಿ ಮೇಲೆ ಬಂದ್ರೆ ಮಾರಿಬಿಡೋಣ. ನಿಮಗೆ ದಾರೀಲಿ ಏನಾದ್ರೂ ಆದ್ರೆ ಈ ಕೊರೊನಾದಲ್ಲಿ ನಾನು ಯಾವ ಆಸ್ಪತ್ರೆಗೆ ಅಂತ ಓಡ್ಲಿ? ಹೂಂ ಅನ್ನಿ."

ಹೂಂ ಎಂದೆ. ಎಂದ ಮೇಲೆ ನಿದ್ದೆ ಹಾರಿಹೋಯಿತು. ಮಾರುವುದೆಂದರೆ ಬರೀ ಕಾರಲ್ಲ. ಆ ಕಾರಿನಲ್ಲಿ, ಸರ್ಕ್ಯೂಟಿನ ಉದ್ದನೆಯ ನೇರ ದಾರಿಯಲ್ಲಿ, ಸುಮಾರು ಹದಿನೈದು ಸೆಕೆಂಡು ನಾನು ಏನನ್ನೂ ಚಿಂತಿಸುವುದಿಲ್ಲ. ಹುಟ್ಟಿದಾಗಿನಿಂದ ನನಗೆ ಸಿಕ್ಕಿದ ರಜೆ ಅಷ್ಟೇ. ಅದನ್ನು ಉಳಿಸಿಕೊಳ್ಳಲೇಬೇಕು ಎಂದು ಹಿರಾನೋ ಸಾನ್ ಅವರಿಂದ ಕಾಯಿಲ್ ಬದಲಾಯಿಸುವುದನ್ನು ಕಲಿತೆ. ಒಂದು ಬೋಲ್ಟು, ಒಂದು ವೈರಿನ ಪ್ಲಗ್ಗು, ಎಳೆದರೆ ಮೂಲಂಗಿಯಂತೆ ಕಿತ್ತುಬರುತ್ತದೆ. ಮೂರನೇ ಸಿಲಿಂಡರಿನ ಕಾಯಿಲ್ ಇನ್ನೂ ಕೆಟ್ಟಿರಲಿಲ್ಲ. ಕೆಡುವ ಮೊದಲೇ ಬದಲಾಯಿಸಿಬಿಡೋಣ ಎಂದು ಹೊಸದು ತಂದೆ. ಹೊಸ ಸಾಮಾನಿಗೆ ಕುಂಕುಮವಿಡದೆ ಉಪಯೋಗಿಸುವುದು ನಮ್ಮ ಮನೆಯಲ್ಲಿ ಇಲ್ಲ. ಕಾಯಿಲ್‌ಗೂ ಅದು ಕೂರುವ ಗುಂಡಿಗೂ ನೀರು ಪ್ರೋಕ್ಷಣೆ ಮಾಡಿ, ಕುಂಕುಮವಿಟ್ಟು, ಅಕ್ಷತೆ ಹಾಕಿ, ಒತ್ತಿ ಕೂರಿಸಿದೆ.

ಆ ಭಾನುವಾರ ಮಗಳು ಅನಘಾಳನ್ನೂ ಕರೆದುಕೊಂಡು ಹೋದೆ. ಹದಿಮೂರು ವರ್ಷ. ನಮ್ಮ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಬರುತ್ತದೆ. ಗೇಟಿನಲ್ಲಿ ಹಣೆಗೆ ಥರ್ಮಾಮೀಟರು ಹಿಡಿದರು. ಜ್ವರವಿರಲಿಲ್ಲ. ಕಾರಿಗೆ ಮೂರನೇ ಸುತ್ತಿನಲ್ಲಿ ಬಂತು. ನಡುಗುತ್ತಿದ್ದ ಅದನ್ನು ಟ್ರ್ಯಾಕಿನ ಪಕ್ಕದ ರಿಪೇರಿ ಜಾಗಕ್ಕೆ, ಅಂದರೆ ಪಿಟ್ಟಿಗೆ, ತಂದು ನಿಲ್ಲಿಸಿದೆ. ಅನಘಾ ಮಾಸ್ಕ್ ಕೆಳಗಿಳಿಸಿ "ಮತಾ?" ಎಂದಳು. ಮತ್ತೆನಾ ಎಂದು ಅರ್ಥ. ಅಷ್ಟು ಹೊತ್ತಿಗೆ ನನ್ನ ಕಣ್ಣಿಗೆ ಕೀಂಕೀಂ ಎನ್ನುವ ಲಾರಿಯೂ, ಹಲ್ಲು ಕಿರಿಯುತ್ತಾ ನನ್ನ ಕಾರನ್ನು ಓಡಿಸಿಕೊಂಡು ಹೋಗುವ ಇನ್ಯಾವನೋ ಕಾಣತೊಡಗಿದ್ದರು.

ಹಿರಾನೋ ಸಾನ್ ಕೋಡ್ ರೀಡರ್ ಹಚ್ಚಿ ನೋಡಿದರು. ಮೂರನೇ ಸಿಲಿಂಡರು. ಹೊಸ ಕಾಯಿಲ್ಲೇ ಅಲ್ಲವೇ ಎಂದು ಹುಬ್ಬು ಗಂಟಿಕ್ಕಿ ಅದನ್ನು ಎಳೆದರು. ಅದರ ರಬ್ಬರ್ ತೊಗಲು ತುದಿಯವರೆಗೆ ಕೆಂಪಾಗಿತ್ತು. ತುಕ್ಕು ಎಂದರು. ಬೆರಳಿನಲ್ಲಿ ಉಜ್ಜಿದರು. ತುಕ್ಕಲ್ಲ ಎಂದರು. ಅಕ್ಕಪಕ್ಕದ ನಾಲ್ಕು ಜನ ಡ್ರೈವರುಗಳು ಎರಡೆರಡು ಮೀಟರ್ ದೂರದಲ್ಲಿ ಸುತ್ತ ನಿಂತರು. ಹಿರಾನೋ ಸಾನ್ ಟಾರ್ಚು ಬಿಟ್ಟು ಗುಂಡಿಯೊಳಗೆ ಇಣುಕಿ, ಉದ್ದನೆಯ ಚಿಮಟ ಇಳಿಸಿ, ಕಿವಿಯಿಂದ ಏನೋ ತೆಗೆಯುವ ಡಾಕ್ಟರರ ಹಾಗೆ ಉಸಿರು ಹಿಡಿದು ಮೇಲೆತ್ತಿದರು. ಚಿಮಟದ ತುದಿಯಲ್ಲಿ ಒಂದು ಅಕ್ಕಿಕಾಳು.

ಜಪಾನಿನಲ್ಲಿ ಅಕ್ಕಿಯನ್ನು ಗುರುತಿಸದವರಿಲ್ಲ. ಅವರು ಅದನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಇದು ನಮ್ಮ ಅಕ್ಕಿಯಲ್ಲ, ನಮ್ಮದು ಗುಂಡಗಿರುತ್ತದೆ, ಇದು ಸಣ್ಣಗೆ ಉದ್ದಕ್ಕಿದೆ, ಮೇಲಾಗಿ ಹಳದಿ ಎಂದು ಸಭೆಗೆ ತಿಳಿಸಿದರು. ಅಲ್ಲಿದ್ದವರಲ್ಲಿ ಸೋನಾ ಮಸೂರಿ ತಿನ್ನುವವರು ನಾನು ಮತ್ತು ನನ್ನ ಮಗಳು. ಜಪಾನಿನವರು ಸಭ್ಯರು, ಒಬ್ಬರೂ ನನ್ನತ್ತ ನೋಡಲಿಲ್ಲ. ಐದೂ ಜನ ಒಟ್ಟಿಗೆ ಬೆಟ್ಟ ನೋಡಿದರು. ಅಷ್ಟರಲ್ಲಿ ಅನಘಾ ಅಚ್ಚ ಕನ್ನಡದಲ್ಲಿ ಹೇಳಿದಳು. "ಅಪ್ಪ, ಅದು ಅಕ್ಷತೆ."

ಆಮೇಲೆ ಪಿಟ್ಟಿನ ಕಟ್ಟೆಯ ಮೇಲೆ, ಹಿರಾನೋ ಸಾನ್ ಕೇಳಿ ನಾನು ಉತ್ತರ ಕೊಡುವ, ನನ್ನ ಜೀವನದ ಮೊದಲ ವಿಚಾರಣೆ ನಡೆಯಿತು. ಕಾಯಿಲ್ ಯಾಕೆ ಸತ್ತಿತು? ಗುಂಡಿಯಲ್ಲಿ ನೀರು ನಿಂತು, ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಪಕ್ಕಕ್ಕೆ ಹಾರಿ. ನೀರು ಯಾಕೆ ಬಂತು? ನಾನು ಸುರಿದೆ. ಯಾಕೆ ಸುರಿದೆ? ಪೂಜೆಗೆ. ಪೂಜೆ ಯಾಕೆ? ಕಾರು ಕೆಡಬಾರದು ಎಂದು. ಕೆಡುತ್ತದೆ ಎಂದು ಯಾಕೆ ಅನ್ನಿಸಿತು? ಯಾಕೆಂದರೆ ಕಾಯಿಲ್ ಸತ್ತಿತ್ತಲ್ಲ. ಐದು ಯಾಕೆಗಳಲ್ಲಿ ಒಂದು ಸುತ್ತು ಪೂರ್ತಿಯಾಗಿ ನಾವು ಹೊರಟಲ್ಲಿಗೇ ಬಂದು ನಿಂತಿದ್ದೆವು. ಯಾರಾದರೂ ನನಗೆ ಇಂಥ ವರದಿ ಬರೆದುಕೊಟ್ಟಿದ್ದರೆ ನಾನು ಹರಿದು ಹಾಕುತ್ತಿದ್ದೆ.

ಹಿರಾನೋ ಸಾನ್ ನಗಲಿಲ್ಲ. ಅವರೂ ಹೊಸ ಕಾರು ತಂದಾಗ ದೇವಸ್ಥಾನಕ್ಕೆ ಒಯ್ಯುತ್ತಾರಂತೆ. ಅರ್ಚಕರು ಕೋಲಿಗೆ ಕಟ್ಟಿದ ಬಿಳಿ ಕಾಗದದ ಕುಚ್ಚನ್ನು ಕಾರಿನ ಮುಂದೆ ಆ ಕಡೆ ಈ ಕಡೆ ಬೀಸುತ್ತಾರಂತೆ, ಅಷ್ಟೇ. "ಪೂಜೆ ಒಳ್ಳೆಯದೇ. ನಮ್ಮಲ್ಲಿ ಒಣಪೂಜೆ ಮಾಡುತ್ತೇವೆ" ಎಂದು ಬಹಳ ಮೆತ್ತಗೆ ಹೇಳಿ, ಗಾಳಿ ಪೈಪಿನಿಂದ ಗುಂಡಿಗಳನ್ನೆಲ್ಲ ಒಣಗಿಸಿ, ತಮ್ಮ ಡಬ್ಬಿಯಲ್ಲಿದ್ದ ಒಂದು ಹಳೇ ಕಾಯಿಲ್ ಕೂರಿಸಿದರು. ಎಂಜಿನ್ನು ಏನೂ ಆಗಿಲ್ಲವೆಂಬಂತೆ ಗುರುಗುಟ್ಟಿತು.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿದೆ. ಕಾರು ತನ್ನ ಚಕ್ರದ ಮೇಲೇ ಹೋಗುತ್ತಿದೆ. ಲಾರಿ ಇಲ್ಲ. ಹೂಂ ಎಂದದ್ದು ಲಾರಿಗೆ ಮಾತ್ರ. ಅಂದರೆ ಹೇಳಬೇಕಾದದ್ದು ಏನೂ ಇಲ್ಲ. ಮಗಳನ್ನು ಮೆಲ್ಲಗೆ ವಿಚಾರಿಸಿದೆ. ಅಮ್ಮ ಕೇಳದಿದ್ದರೆ ತಾನಾಗಿ ಹೇಳುವುದಿಲ್ಲ, ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದು ಅವಳು ಇಂಗ್ಲಿಷಿನಲ್ಲಿ ನಿಬಂಧನೆ ಓದಿದಳು. ಬಾಗಿಲು ತೆರೆದ ಶೈಲಾ ಏನನ್ನೂ ಕೇಳಲಿಲ್ಲ. ಕಾರು ತಾನಾಗಿಯೇ ಬಂದದ್ದನ್ನು ಬಾಲ್ಕನಿಯಿಂದ ನೋಡಿದ್ದಳು. ಖುಷಿಯಲ್ಲಿದ್ದಳು. ಹುಳಿ ಬಡಿಸುತ್ತಾ, "ಅಂತೂ ಸರಿ ಹೋಯ್ತಲ್ಲ ನಿಮ್ಮ ಕಾರು. ನಾನೇ ಸುಮ್ನೆ ಹೆದರಿದ್ದೆ" ಎಂದಳು.

ಅವಳು ಬೈದಿದ್ದರೆ ನಾನು ಗಟ್ಟಿಯಾಗಿ ಕೂತಿರುತ್ತಿದ್ದೆ. ತಾನೇ ತಪ್ಪು ಮಾಡಿದವಳಂತೆ ಮಾತಾಡಿದಳಲ್ಲ, ಅದಕ್ಕೆ ತಡೆಯಲಾಗಲಿಲ್ಲ. ಒಂದನೇ ಚೊಂಬಿನಿಂದ ಅಕ್ಕಿಕಾಳಿನವರೆಗೆ ಎಲ್ಲವನ್ನೂ ಹೇಳಿದೆ. ಮಾರುವುದಾದರೆ ಮಾರು ಎಂದೂ ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು. ಆಮೇಲೆ ಸೌಟನ್ನು ಪಾತ್ರೆಗೆ ಬಿಟ್ಟು, ಗೋಡೆಗೆ ಒರಗಿ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಕೊರೊನಾ ಬಂದ ಮೇಲೆ ಆ ಮನೆಯಲ್ಲಿ ಅಂಥ ನಗು ನಾನು ಕೇಳಿರಲಿಲ್ಲ. ಪಕ್ಕದ ಮನೆಯ ಬಾಲ್ಕನಿಯ ಬಾಗಿಲು ಸರಿದ ಸದ್ದು ಬಂತು. ಅನಘಾ ಚಿಮಟ ಹಿಡಿದವರ ಹಾಗೆ ಎರಡು ಬೆರಳು ಮೇಲೆತ್ತಿ ತೋರಿಸಿದಳು, ನಗು ಮತ್ತೆ ಮೊದಲಿನಿಂದ ಶುರುವಾಯಿತು.

"ಕಾರಿನ ತಪ್ಪೇನಿದೆ, ಪಾಪ" ಎಂದಳು ಶೈಲಾ ಕೊನೆಗೆ. "ಅದು ಇರ್ಲಿ. ನೀವು ಮಾತ್ರ ಬಾನೆಟ್ಟಿಗೆ ಕೈ ಹಚ್ಚೋ ಹಾಗಿಲ್ಲ."

ಹಾಗಾಗಿ ಮುಂದಿನ ವರ್ಷದ ಆಯುಧಪೂಜೆ, ಹಬ್ಬದ ವಾರದ ಭಾನುವಾರ ಬೆಳಿಗ್ಗೆ, ನಾನು ಸರ್ಕ್ಯೂಟಿಗೆ ಹೊರಡುವ ಮುಂಚೆ, ಮುಚ್ಚಿದ ಬಾನೆಟ್ಟಿನ ಮುಂದೆ ಒಣಪೂಜೆಯಾಗಿ ನಡೆಯಿತು. ಅನಘಾ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ನನ್ನನ್ನು ಅದರಾಚೆ ನಿಲ್ಲಿಸಿದಳು. ಎರಡು ಮೀಟರ್ ಅಂತರ ಆ ಕಾಲದ ನಿಯಮವೇ ಆಗಿದ್ದರಿಂದ ನೋಡಿದವರಿಗೆ ಏನೂ ಅನ್ನಿಸಿರಲಾರದು. ಹೂವಿಲ್ಲ, ನೀರಿಲ್ಲ, ಒಂದು ಆರತಿ, ಒಂದು ನಮಸ್ಕಾರ. ಅಭ್ಯಾಸಬಲದಿಂದ ಶೈಲಾ ತಂದಿದ್ದ ಅಕ್ಷತೆ ಬಟ್ಟಲಿನಲ್ಲಿ ಹಾಗೇ ಉಳಿಯಿತು. ಅವಳು ಕಾರನ್ನು ನೋಡಿದಳು, ನನ್ನನ್ನು ನೋಡಿದಳು, ಗೆರೆ ದಾಟಿ ಬಂದು ಅಷ್ಟನ್ನೂ ನನ್ನ ತಲೆಯ ಮೇಲೆ ಸುರಿದಳು.

"ಇಲ್ಲಾದ್ರೆ ಪರವಾಗಿಲ್ಲ" ಎಂದಳು. "ಒಳಗೆ ಕೆಡೋಕೆ ಏನೂ ಇಲ್ಲ."

ಊರಿಗೆ ಹೋಗದೆ ಎರಡು ವರ್ಷವಾಗಿತ್ತು, ನನ್ನ ತಲೆಯ ಮೇಲೆ ಅಕ್ಷತೆ ಬೀಳದೆಯೂ ಅಷ್ಟೇ ಆಗಿತ್ತು. ಕೊಡವಿಕೊಳ್ಳಲಿಲ್ಲ. ಸರ್ಕ್ಯೂಟಿನ ಆ ನೇರ ದಾರಿಯಲ್ಲಿ ಎಂಜಿನ್ನು ಒಂದೇ ಸಮನೆ ಹಾಡುತ್ತಿತ್ತು, ಹೆಲ್ಮೆಟ್ಟಿನೊಳಗೆ ಎಡಗಿವಿಯ ಮೇಲೆ ಎರಡು ಕಾಳು ಚುಚ್ಚುತ್ತಿದ್ದವು, ಮತ್ತು ನಾನು ಆ ಹದಿನೈದು ಸೆಕೆಂಡನ್ನೂ, ಅವು ಜಾರಿ ಕಿವಿಯೊಳಗೆ ಬಿದ್ದರೆ ಯಾವ ಡಾಕ್ಟರರ ಹತ್ತಿರ ಹೋಗಬೇಕು ಎಂದು ಯೋಚಿಸುತ್ತಾ ಕಳೆದೆ.