ಕುಣಿಗಲ್ ಮಾವನಿಗೆ ಸಮುದ್ರದ ಮೀನು

ಬೇರೆಯವರು ಊರಿಗೆ ಹೋಗುತ್ತಾರೆ, ಹೋದ ಕೆಲಸ ಮುಗಿಸಿಕೊಂಡು ಬರುತ್ತಾರೆ. ನಾವು ಮೂವರು ಹೊರಟರೆ ಮಾತ್ರ ಬಸ್ ಸ್ಟ್ಯಾಂಡ್ ದಾಟುವುದರೊಳಗೇ ಏನಾದರೊಂದು ಎಡವಟ್ಟು ಶುರುವಾಗಿರುತ್ತದೆ. ನಾವಾಗಿ ಹುಡುಕಿಕೊಂಡು ಹೋಗುವುದಿಲ್ಲ, ಅದೇ ನಮ್ಮ ವಿಳಾಸ ಕೇಳಿಕೊಂಡು ಬರುತ್ತದೆ.

ಮೂವರಲ್ಲಿ ನಾನೊಬ್ಬ. ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ಶಿರಾ ಗೇಟಿನಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದೆ. ಪಕ್ಕದ ಅಂಗಡಿಯಲ್ಲಿ ತಗಡಿನ ಪೆಟ್ಟಿಗೆ ಮಾಡುತ್ತಿದ್ದವನು ಟ್ರಂಕ್ ಭಾಯಿ. ಮೂರನೆಯವನು ಕೊಬ್ಬರಿ ಅಣ್ಣ. ಚೇಳೂರಿನಿಂದ ಕೊಬ್ಬರಿ ಮೂಟೆ ತಂದು ಮಾರುತ್ತಿದ್ದ. ಮಠಕ್ಕೆ ನಡೆದುಕೊಳ್ಳುವ ಮನೆತನ, ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಅಂಗಡಿಯಲ್ಲಿ ಮೊಟ್ಟೆ ಜೋಡಿಸಿಟ್ಟಿದ್ದರೆ ರಸ್ತೆಯ ಆ ಬದಿಗೆ ಹೋಗಿ ನಡೆಯುವ ಮನುಷ್ಯ. ಇಂಥ ಮೂವರು ಶನಿವಾರ ಭಾನುವಾರ ಸಮುದ್ರಕ್ಕೆ ಮೀನು ಹಿಡಿಯಲು ಹೋದೆವು ಎಂದರೆ ಈಗಲೂ ಯಾರೂ ನಂಬುವುದಿಲ್ಲ.

ದೊಡ್ಡ ಬಾಯಿ

ಕುಣಿಗಲ್‌ನಲ್ಲಿ ಟ್ರಂಕ್ ಭಾಯಿಗೆ ಹೆಣ್ಣು ನೋಡಿದ್ದರು. ಹುಡುಗಿಯ ತಂದೆ ಕುದುರೆಗಳಿಗೆ ಲಾಳ ಹೊಡೆಯುವವರು. ಭಾನುವಾರ ಬಂತೆಂದರೆ ಕುಣಿಗಲ್ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂರುವುದು ಅವರಿಗೆ ಊಟಕ್ಕಿಂತ ಮುಖ್ಯ. ಮಾತುಕತೆಗೆಂದು ನಾವು ಮೂವರೂ ಹೋದಾಗ ಅವರು ಭಾಯಿಯ ದುಡಿಮೆ ಕೇಳಲಿಲ್ಲ, ಮನೆ ಎಷ್ಟು ದೊಡ್ಡದು ಅಂತಲೂ ಕೇಳಲಿಲ್ಲ.

"ಬೇಟಾ, ಗಾಳ ಹಾಕೋಕೆ ಬರ್ತದಾ?" ಎಂದರು.

ಭಾಯಿ ಅಲ್ಲಿಯವರೆಗೆ ಮೀನನ್ನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಆದರೆ ಬಾಗಿಲ ಪರದೆಯ ಹಿಂದೆ ಬಳೆ ಸದ್ದಾಗಿತ್ತು. ಆ ಸದ್ದು ಕೇಳಿದ ಮೇಲೆ ಇವನ ನಾಲಿಗೆ ಇವನ ಮಾತು ಕೇಳಲಿಲ್ಲ.

"ಕೆರೇಲಿ ಹಾಕಲ್ಲ ಮಾಮು. ಕೆರೆ ಮೀನು ನಂಗೆ ಸಣ್ಣದಾಗ್ತದೆ. ನಾನೇನಿದ್ರೂ ಸಮುದ್ರಕ್ಕೇ ಹೋಗೋದು."

ಲಾಳದ ಮಾವ ಅವನನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. "ಒಳ್ಳೇದಾಯ್ತು. ಬರೋ ಭಾನುವಾರ ನೀನೇ ಹಿಡಿದ ಮೀನು ಒಂದು ತಗೊಂಡು ಬಾ. ನೆಂಟ್ರನ್ನೆಲ್ಲ ಕರೀತೀನಿ. ತಿಂದ್ಕೊಂಡು ಮದುವೆ ದಿನ ಗೊತ್ತು ಮಾಡೋಣ."

"ಬರೀ ಕೈಲಿ ಬಂದ್ರೆ?" ಎಂದು ನಾನು ಕೇಳಿದೆ.

"ಬರೀ ಕೈಲೇ ವಾಪಸ್ ಹೋಗ್ತಾನೆ."

ತುಮಕೂರಿನ ಬಸ್ಸು ಹತ್ತಿದ ಮೇಲೆ ಕೊಬ್ಬರಿ ಅಣ್ಣ ಕೇಳಿದ, "ಏನ್ಲಾ, ಸಮುದ್ರ ನೋಡಿದೀಯೇನ್ಲಾ ನೀನು?"

"ಇಲ್ಲ ಅಣ್ಣ," ಎಂದ ಭಾಯಿ. "ಮಂಗಳೂರಲ್ಲಿ ಇಟ್ಟವ್ರಂತೆ."

ಎರೆಹುಳದ ಉಪಚಾರ

ಕೊಬ್ಬರಿ ಅಣ್ಣನೂ ಹೊರಟ. ಅವನಿಗೂ ಸಮುದ್ರ ನೋಡುವ ಆಸೆ ಇತ್ತು. "ಮೀನು ಮುಟ್ಟಲ್ಲ, ಮೀನಿನ ಕಡೆ ನೋಡಲ್ಲ. ನೀರು ನೋಡ್ಕೊಂಡು ಬತ್ತೀನಿ ಅಷ್ಟೆ" ಎಂದು ಮೊದಲೇ ಕರಾರು ಹಾಕಿದ.

ಗಾಳಕ್ಕೆ ಸಿಕ್ಕಿಸಲು ಗುಬ್ಬಿ ಕೆರೆಯ ಹಿಂದಿನ ಒದ್ದೆ ಮಣ್ಣಲ್ಲಿ ಎರೆಹುಳ ಅಗೆದು ತಂದೆವು. ಭಾಯಿ ಅವಕ್ಕೆಂದೇ ಮುಚ್ಚಳದಲ್ಲಿ ತೂತುಗಳಿರುವ ತಗಡಿನ ಡಬ್ಬಿ ಮಾಡಿದ. ಶುಕ್ರವಾರ ಸಂಜೆ ಬಸ್ಸು ಹತ್ತಿದಾಗಿನಿಂದ ಅವನಿಗೆ ಹುಳಗಳದ್ದೇ ಚಿಂತೆ. ಪಕ್ಕದವರು ಬೀಡಿ ಹಚ್ಚಿದರೆ, "ಸ್ವಲ್ಪ ಆ ಕಡೆ ಬುಡಿ ಹೊಗೆ, ಇಲ್ಲಿ ಜೀವ ಅವೆ" ಎನ್ನುತ್ತಿದ್ದ.

ಶನಿವಾರ ಬೆಳಿಗ್ಗೆ ಮಂಗಳೂರಿನ ಬಂದರಿಗೆ ಬಂದು ಡಬ್ಬಿ ತೆಗೆದರೆ ಮಣ್ಣು ಒಣಗಿತ್ತು. "ಪಾಪ, ಬಾಯಾರಿರ್ತವೆ," ಎಂದು ಭಾಯಿ ಒಂದು ಚೊಂಬು ಸಮುದ್ರದ ನೀರು ಎತ್ತಿ ಡಬ್ಬಿಗೆ ಹುಯ್ದ. ಹುಳಗಳೆಲ್ಲ ಒಮ್ಮೆ ಕುಣಿದು, ಆಮೇಲೆ ನೆಟ್ಟಗೆ ಮಲಗಿದವು.

"ಇಷ್ಟೊಂದು ನೀರಿದೆ, ಒಂದು ಹುಳ ಕುಡಿಯೋಕಾಗಲ್ಲ ಅಂದ್ರೆ ಇದ್ಯಾವ ಸೀಮೆ ಸಮುದ್ರ," ಎಂದು ಭಾಯಿ ಬೇಜಾರು ಮಾಡಿಕೊಂಡ. ಕೊಬ್ಬರಿ ಅಣ್ಣ ಡಬ್ಬಿಯ ಮೇಲೆ ಚಿಟಿಕೆ ವಿಭೂತಿ ಉದುರಿಸಿ ಕೈ ಮುಗಿದ.

ಉಳಿದದ್ದು ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ರಾಗಿಮುದ್ದೆ. ನಮ್ಮ ಕಡೆ ಕೆರೆ ಮೀನಿಗೆ ಮುದ್ದೆ ಎಂದರೆ ಪ್ರಾಣ. ಸಣ್ಣ ಸಣ್ಣ ಉಂಡೆ ಮಾಡಿ ಗಾಳಕ್ಕೆ ಮೆತ್ತಿ ನೀರಿಗೆ ಬಿಟ್ಟು ಕೂತೆವು. ಬಿಸಿಲು ನೆತ್ತಿಗೆ ಬಂದರೂ ಒಂದು ಮೀನೂ ಮೂಸಲಿಲ್ಲ. ಬುಟ್ಟಿ ಹೊತ್ತು ಹೋಗುತ್ತಿದ್ದ ಮೀನು ಮಾರುವ ಹೆಂಗಸೊಬ್ಬರು ನಿಂತು ನಮ್ಮ ಉಂಡೆಗಳನ್ನು ನೋಡಿದರು. ಘಟ್ಟದ ಮೇಲೆ ಎಲ್ಲೋ ಒಮ್ಮೆ ಮುದ್ದೆ ಉಂಡು ಪಾಡು ಪಟ್ಟಿದ್ದರೆಂದು ಕಾಣುತ್ತದೆ.

"ಇಲ್ಲಿಯ ಮೀನಿಗೆ ಇದನ್ನು ನುಂಗ್ಲಿಕ್ಕೆ ಗೊತ್ತಿಲ್ಲ ಮಾರಾಯ್ರೆ," ಎಂದರು. "ಪಾಪ, ಜಗಿದು ನೋಡಿ ಬಿಟ್ಟು ಹೋಗ್ತವೆ."

ಮೊದಲ ಬೇಟೆ

ಮಧ್ಯಾಹ್ನದ ಹೊತ್ತಿಗೆ ಭಾಯಿಯ ದಾರ ಗಟ್ಟಿಯಾಗಿ ಸಿಕ್ಕಿಕೊಂಡಿತು. "ಬಂತು, ದೊಡ್ಡದು ಬಂತು, ಹಿಡ್ಕೊಳ್ರೋ," ಎಂದ. ಅವನ ದಾರವೇನೂ ಸಾಮಾನ್ಯದ್ದಲ್ಲ, ಕೊಬ್ಬರಿ ಮೂಟೆ ಬಾಯಿ ಹೊಲಿಯುವ ನೈಲಾನು. ನಾನೂ ಅವನೂ ಕಟ್ಟೆಗೆ ಕಾಲು ಕೊಟ್ಟು ಎಳೆದೆವು. ಮೀನು ಒದ್ದಾಡಲಿಲ್ಲ. ಮೆತ್ತಗೆ, ಸಭ್ಯಸ್ಥರ ಹಾಗೆ, ನಮ್ಮ ಕಡೆಗೇ ಬರುತ್ತಿತ್ತು.

"ಸುಸ್ತಾಗಿದೆ ಅದಕ್ಕೆ," ಎಂದ ಭಾಯಿ.

"ಶಿವನೇ, ನಾನು ನೋಡಲ್ಲ," ಎಂದು ಕೊಬ್ಬರಿ ಅಣ್ಣ ಮುಖಕ್ಕೆ ವಸ್ತ್ರ ಮುಚ್ಚಿಕೊಂಡ.

ಎಳೆದೂ ಎಳೆದೂ ಕೊನೆಗೆ ಕಟ್ಟೆಗೆ ಧಡ್ ಎಂದು ಬಂದು ತಾಗಿದ್ದು ಒಂದು ದೋಣಿ. ಗಾಳ ಅದರ ಮೂತಿಯ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ದೋಣಿಯೊಳಗೆ ಮಲಗಿದ್ದವರು ಎದ್ದು ಕೂತು, ನಮ್ಮನ್ನೂ ನಮ್ಮ ಕೈಯ ದಾರವನ್ನೂ ನೋಡಿ, ಒಂದಿಷ್ಟೂ ಸಿಟ್ಟಿಲ್ಲದೆ ಕೇಳಿದರು.

"ನನ್ನನ್ನು ಎಲ್ಲಿಗೆ ಕರ್ಕೊಂಡು ಹೋಗ್ತಾ ಇದ್ದೀರಿ?"

ಭಾಯಿ ಅಳುವುದೊಂದು ಬಾಕಿ. ಮೀನಿಲ್ಲದೆ ಹೋದರೆ ಹುಡುಗಿ ಇಲ್ಲ ಎಂಬ ಕತೆಯನ್ನೆಲ್ಲ ಅವರ ಮುಂದೆ ತೋಡಿಕೊಂಡ. ದೋಣಿಯವರು ಪೂರ್ತಿ ಕೇಳಿ, "ಹತ್ತಿ ಮಾರಾಯ್ರೆ," ಎಂದರು. "ಹೇಗೂ ಹಿಡಿದಾಗಿದೆ ನನ್ನನ್ನು."

ದಾರ ಹಿಡಿದರೆ ದೋಷವಿಲ್ಲ

ದಡ ಕಾಣದಷ್ಟು ಒಳಗೆ ಹೋದ ಮೇಲೆ ದೋಣಿ ತೊಟ್ಟಿಲ ಹಾಗೆ ತೂಗತೊಡಗಿತು. ಮೊದಲು ಭಾಯಿ ವಾಂತಿ ಮಾಡಿದ. ಅವನಿಗೆ ಸಮಾಧಾನ ಹೇಳಲು ಹೋಗಿ ನಾನೂ ಮಾಡಿದೆ. ಇಬ್ಬರೂ ದೋಣಿಯ ತಳದಲ್ಲಿ ಒದ್ದೆ ಗೋಣಿಚೀಲದಂತೆ ಬಿದ್ದುಕೊಂಡೆವು. ಕೊಬ್ಬರಿ ಅಣ್ಣನಿಗೆ ಮಾತ್ರ ಏನೂ ಆಗಲಿಲ್ಲ. ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತ ಕೂತಿದ್ದ. ಆ ಚಿತ್ರಾನ್ನ ನೋಡಿ ನಾವು ಇನ್ನೊಂದು ಸುತ್ತು ಮಾಡಿಕೊಂಡೆವು.

ದೋಣಿಯವರು ಗಾಳಕ್ಕೆ ಸಣ್ಣ ಮೀನು ಸಿಕ್ಕಿಸಿ ಬಿಟ್ಟು, "ಯಾರಾದ್ರೂ ಹಿಡ್ಕೊಳ್ಳಿ, ನನಗೆ ದೋಣಿ ನೋಡ್ಬೇಕು," ಎಂದರು.

ಭಾಯಿ ಮಲಗಿದಲ್ಲಿಂದಲೇ ಕೈ ಮುಗಿದ. "ಅಣ್ಣ, ನನ್ನ ಬಾಳು ನಿನ್ ಕೈಲಿದೆ. ದಾರ ಒಂದು ಹಿಡ್ಕೋ. ದಾರ ಹಿಡಿದ್ರೆ ಮೀನು ಮುಟ್ಟಿದಂಗಾಗಲ್ಲ."

ಕೊಬ್ಬರಿ ಅಣ್ಣ ಯೋಚನೆ ಮಾಡಿದ. ಕೈ ತೊಳೆದುಕೊಂಡು, ಕಣ್ಣು ಮುಚ್ಚಿ, ಪಂಚಾಕ್ಷರಿ ಹೇಳುತ್ತ ದಾರ ಹಿಡಿದ. ಸ್ವಲ್ಪ ಹೊತ್ತಿಗೆ ಮಂತ್ರ ನಿಂತಿತು.

"ಲೇ, ಯಾರೋ ಎಳೀತಾವ್ರೆ ಕಣ್ಲಾ."

"ಬಿಡ್ಬೇಡಿ, ಎಳೀರಿ," ಎಂದರು ದೋಣಿಯವರು.

ಚೇಳೂರಿನಲ್ಲಿ ಆಳದ ಬಾವಿಯಿಂದ ನೀರು ಸೇದಿದ ಕೈ ಅದು. ಒಂದು ಕೈ ಬಿಟ್ಟು ಒಂದು ಕೈ ಹಾಕಿ, ಕೊಡ ಸೇದುವ ಹಾಗೆ ಸೇದಿದ. ಬೆರಳುಗಳಲ್ಲಿ ರಕ್ತ ಬಂದರೂ ಬಿಡಲಿಲ್ಲ. ಕೊನೆಗೆ ನನ್ನ ಎದೆಯ ಮೇಲೆ ಏನೋ ತಣ್ಣಗೆ ಧೊಪ್ಪೆಂದು ಬಿದ್ದು ಒದೆಯತೊಡಗಿತು.

"ಅಂಜಲ್ ಮೀನು ಮಾರಾಯ್ರೆ," ಎಂದರು ದೋಣಿಯವರು. "ಇಷ್ಟು ದೊಡ್ಡದು ನನಗೂ ಅಪರೂಪ."

ಕೊಬ್ಬರಿ ಅಣ್ಣ ದಾರ ಬಿಟ್ಟು ಹಿಂದೆ ಸರಿದ. "ಇದು ಚೇಳೂರಿಗೆ ಗೊತ್ತಾದ್ರೆ ನಮ್ಮಪ್ಪ ನನ್ನ ಹೊಸ್ತಿಲು ತುಳಿಯಾಕೆ ಬುಡಲ್ಲ. ನಾನಲ್ಲ ಹಿಡಿದದ್ದು."

"ನಿನ್ನಾಣೆ ಅಣ್ಣ, ನಾನೇ ಹಿಡಿದೆ ಅಂತೀನಿ," ಎಂದ ಭಾಯಿ. ಇಬ್ಬರಿಗೂ ಒಂದೇ ಸುಳ್ಳು ಸಾಕಾಗಿತ್ತು. ಇಷ್ಟು ಹೊಂದಾಣಿಕೆಯ ಸುಳ್ಳನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ದಡಕ್ಕೆ ವಾಪಸಾಗುವಾಗ ಕೊಬ್ಬರಿ ಅಣ್ಣ ಸಮುದ್ರದ ಕಡೆಗೇ ಮುಖ ಮಾಡಿ ಕೂತಿದ್ದ. ಬಹಳ ಹೊತ್ತಾದ ಮೇಲೆ ನನ್ನ ಕಿವಿಯ ಹತ್ತಿರ ಬಂದ.

"ಎಷ್ಟುದ್ದ ಅದೆ ಅಂತ ಒಂದ್ಸಲ ಅಳೆದು ಹೇಳ್ಲಾ. ನಂಗೇನೂ ಬೇಕಾಗಿಲ್ಲ, ಸುಮ್ನೆ."

ಬಿಸಿಲಲ್ಲಿ ಮಳೆ

ಮೀನು ತರಲೆಂದು ಭಾಯಿ ಒಂದು ಪೆಟ್ಟಿಗೆ ತಂದಿದ್ದ. ಅಂಗಡಿಯಲ್ಲಿ ಸಿದ್ಧವಿದ್ದದ್ದು ಅದೊಂದೇ, ಯಾರದೋ ಮದುವೆಗೆ ಮಾಡಿದ್ದು. ಮೇಲೆಲ್ಲ ಗುಲಾಬಿ ಹೂವು, ಜೋಡಿ ಗಿಳಿ. ಅದರೊಳಗೆ ಐಸು ತುಂಬಿ ಮೀನು ಮಲಗಿಸಿದರೆ ಬಾಲ ಹೊರಗೇ ಉಳಿಯಿತು. ತಾನು ಮಾಡಿದ ಪೆಟ್ಟಿಗೆ ಚಿಕ್ಕದಾಯಿತೆಂದು ಭಾಯಿಗೆ ಕಸುಬಿನ ಅವಮಾನ. ಕೊಬ್ಬರಿ ಅಣ್ಣ ತನ್ನ ಹೆಗಲ ಮೇಲಿನ ವಸ್ತ್ರ ತೆಗೆದುಕೊಟ್ಟ. ಬಾಲಕ್ಕೆ ಅದನ್ನು ಸುತ್ತಿದೆವು.

ಭಾನುವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಗಿಳಿಗಳನ್ನು ನೋಡಿ, "ಮದುವೆ ಪೆಟ್ಟಿಗೆಯಾ?" ಎಂದ.

"ಹೂಂ, ನನ್ನದೇ ಮದುವೆ," ಎಂದ ಭಾಯಿ. ಅದೇನೂ ಸುಳ್ಳಲ್ಲ.

ಕಂಡಕ್ಟರ್ ಮರ್ಯಾದೆಯಿಂದ ಅದನ್ನು ಟಾಪಿನ ಮೇಲೆ, ಎಲ್ಲಕ್ಕಿಂತ ಮುಂದೆ, ಡ್ರೈವರ್ ತಲೆಯ ಮೇಲೆ ಸರಿಯಾಗಿ ಕಟ್ಟಿಸಿದ. ಘಟ್ಟ ಹತ್ತಿ ಹಾಸನ ದಾಟುವ ಹೊತ್ತಿಗೆ ಬಿಸಿಲು ಸುಡುತ್ತಿತ್ತು, ಐಸು ಕರಗಿ ಮುಂದಿನ ಗಾಜಿನ ಮೇಲೆ ಇಳಿಯತೊಡಗಿತು. ಡ್ರೈವರ್ ತಲೆ ಬಗ್ಗಿಸಿ ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ. ವೈಪರ್ ಹಾಕಿದ. ಕಿಟಕಿ ಪಕ್ಕದವರೆಲ್ಲ ಗಾಜು ಎಳೆದುಕೊಂಡರು. ಬೆವರು ಸುರಿಸುತ್ತ ಎಲ್ಲರೂ ಕಿಟಕಿ ಮುಚ್ಚಿದ ಬಸ್ಸಲ್ಲಿ ಕೂತೆವು.

ಎದುರಿಗೆ ಬಂದ ಬಸ್ಸಿನವನು ನಿಲ್ಲಿಸಿ, "ಎಲ್ಲಿ ಮಳೆ?" ಎಂದು ಕೇಳಿದ.

ನಮ್ಮ ಡ್ರೈವರ್ ಕೈ ಹೊರಗೆ ಚಾಚಿ ಗಾಜಿನ ಮೇಲಿನ ನೀರು ಮುಟ್ಟಿ, ಬೆರಳು ಮೂಸಿ ನೋಡಿದ. "ಗೊತ್ತಿಲ್ಲ ಗುರು," ಎಂದ. "ಆದ್ರೆ ಸಮುದ್ರದಿಂದ ನೇರವಾಗಿ ಬಂದಿರೋ ಮಳೆ ಇದು."

ಅಂಗೈ

ಕುಣಿಗಲ್‌ನ ಮನೆ ತುಂಬ ನೆಂಟರು. ಪೆಟ್ಟಿಗೆ ತೆಗೆದಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಲಾಳದ ಮಾವ ಮೀನಿನ ಸುತ್ತ ಒಂದು ಸುತ್ತು ಬಂದರು.

"ಯಾರು ಎಳೆದದ್ದು?"

"ನಾನೇ ಮಾಮು," ಎಂದ ಭಾಯಿ, ಪರದೆಗೂ ಕೇಳಿಸುವ ಹಾಗೆ.

ಕುದುರೆ ಬಂದರೆ ಮುಖ ನೋಡದೆ ಕಾಲೆತ್ತಿ ನೋಡುವ ಮನುಷ್ಯ ಅವರು. "ಕೈ ತೋರಿಸು," ಎಂದರು. ಭಾಯಿಯ ಅಂಗೈಯಲ್ಲಿ ಬೆಸುಗೆಯ ಸುಟ್ಟ ಕಲೆ ಇತ್ತು, ಬೇರೇನೂ ಇರಲಿಲ್ಲ. ನನ್ನ ಕೈ ನೋಡಿದರು, ಬರೀ ಸೈಕಲ್ ಗ್ರೀಸು. ಕೊಬ್ಬರಿ ಅಣ್ಣ ಕೈ ಹಿಂದೆ ಕಟ್ಟಿಕೊಂಡು, ಅವರು ಕೊಟ್ಟಿದ್ದ ಬಾಳೆಹಣ್ಣನ್ನು ಹೇಗೆ ತಿನ್ನುವುದೆಂದು ತಿಳಿಯದೆ ನಿಂತಿದ್ದ.

"ಸ್ವಾಮಿ, ನಿಮ್ಮದೂ ಒಂಚೂರು."

ಬೆರಳುಗಳ ಮೇಲೆ ದಾರ ಕೊಯ್ದ ಗೆರೆಗಳು ಸಾಲಾಗಿ ಇದ್ದವು.

"ಚೇಳೂರಿನ ಮನೆ ಬಾವಿ ಹಗ್ಗ ತರಚಿದ್ದು," ಎಂದ ಕೊಬ್ಬರಿ ಅಣ್ಣ.

"ಚೇಳೂರಲ್ಲಿ ಇಷ್ಟು ಸಣ್ಣ ದಾರದಲ್ಲಿ ನೀರು ಸೇದ್ತಾರಾ ಸ್ವಾಮಿ?"

ಭಾಯಿಯ ಮುಖ ಬಿಳುಚಿಕೊಂಡಿತ್ತು. ಪರದೆಯ ಹಿಂದಿನ ಬಳೆ ಸದ್ದು ನಿಂತಿತ್ತು. ಇನ್ನೇನು ಮುಗಿಯಿತು ಅಂದುಕೊಂಡೆ. ಒಬ್ಬನಿಗೆ ಹೆಣ್ಣು ಹೋಗುತ್ತದೆ, ಇನ್ನೊಬ್ಬನಿಗೆ ಮನೆ ಹೋಗುತ್ತದೆ.

ಲಾಳದ ಮಾವ ನಿಧಾನವಾಗಿ ಚಾಪೆಯ ಮೇಲೆ ಕೂತರು. "ಗಾಳದ ವಿಷಯದಲ್ಲಿ ಸುಳ್ಳು ಹೇಳ್ದೆ ಇರೋನು ನಾನೂ ಅಲ್ಲ. ಅದಕ್ಕೇನೂ ಬೇಜಾರಿಲ್ಲ. ಹುಡುಗೀನ ಕೊಡ್ತೀನಿ," ಎಂದರು. "ನಂದು ಒಂದೇ ಕರಾರು. ಭಾನುವಾರ ಭಾನುವಾರ ಈ ಸ್ವಾಮಿ ಬಂದು ಕೆರೆ ಏರಿ ಮೇಲೆ ನನ್ನ ಪಕ್ಕ ಕೂರ್ಬೇಕು. ಮೀನು ನಾನು ಬಿಡಿಸ್ಕೋತೀನಿ. ಇವ್ರು ದಾರ ಹಿಡಿದ್ರೆ ಸಾಕು. ಚೇಳೂರಿನವ್ರಿಗೆ ನಾನು ಹೇಳಲ್ಲ."

ಭಾಯಿ ಎರಡೂ ಕೈ ಜೋಡಿಸಿ ಕೊಬ್ಬರಿ ಅಣ್ಣನ ಕಡೆ ತಿರುಗಿದ. ಸ್ನೇಹಕ್ಕಾಗಿ, ಒಂದು ಮದುವೆಗಾಗಿ, ಹೇಗಾದರೂ ಒಪ್ಪಿಕೋ ಎಂದು ಬೇಡಿಕೊಳ್ಳಲು ಬಾಯಿ ತೆರೆದ. ಅವನ ಬಾಯಿಂದ ಮಾತು ಹೊರಡುವ ಮೊದಲೇ ಕೊಬ್ಬರಿ ಅಣ್ಣ ಚಾಪೆಯ ಮೇಲೆ, ಲಾಳದ ಮಾವನ ಮಗ್ಗುಲಿಗೆ ಹೋಗಿ ಕೂತಾಗಿತ್ತು.

"ಬೆಳಿಗ್ಗೆ ಎಷ್ಟೊತ್ತಿಗೆ ಬರ್ಲಿ ಮಾಮು?"

ಅವತ್ತು ಗೊತ್ತಾದದ್ದು ಟ್ರಂಕ್ ಭಾಯಿಯ ಮದುವೆ. ಮಾವ ತಬ್ಬಿಕೊಂಡದ್ದು ಮಾತ್ರ ಕೊಬ್ಬರಿ ಅಣ್ಣನನ್ನು.