ಕೊಳವೆ ಇದ್ದವರಿಗೆ ಹೊಗೆ ಕರ

ನಮ್ಮ ಪಂಚಾಯ್ತಿಯ ಹೊಗೆ ಕರ ನಿರೀಕ್ಷಕರಾದ ಶ್ರೀ ವೀರಭದ್ರಯ್ಯನವರ ಸನ್ನಿಧಿಗೆ, ಒಲೆ ಕಟ್ಟುವ ಅಂಜಿನಕ್ಕ ಮಸಿಗೈ ತೊಳೆದುಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಸೈಕಲ್ಲೂ ಕ್ಷೇಮವೆಂದು ನಂಬಿದ್ದೇನೆ. ಭೂಮಿ ಬಿಸಿಯೇರುತ್ತಿದೆ, ಅದನ್ನು ತಣಿಸಲು ಹೊಗೆ ಕರ ಹಾಕಿ, ಬಂದ ಹಣದಲ್ಲಿ ಬಡ ಹೆಂಗಸರಿಗೆ ಸ್ವಂತ ಉದ್ಯೋಗ ಹಚ್ಚಿಕೊಡುತ್ತೇವೆ ಎಂದು ತಾವು ಡಂಗುರ ಸಾರಿಸಿದಾಗ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಅರ್ಧ ಸೌದೆಯಲ್ಲಿ ಅಡುಗೆ ಮುಗಿಸಿ, ಹೊಗೆಯನ್ನು ಕೊಳವೆಯ ಮೂಲಕ ಮಾಳಿಗೆಯಾಚೆ ಕಳಿಸುವ ಒಲೆ ಕಟ್ಟುವುದು ನನ್ನ ಕಸುಬು. ಮಾಗಳದ ಹೊಳೆದಂಡೆಯ ಮಣ್ಣು, ಕೊಟ್ಟೂರಿನಿಂದ ತಂದ ಕೊಳವೆ, ಮಣ್ಣು ತುಳಿಯಲು ಜೊತೆಗಾತಿ ಮಾಲಾ. ಇನ್ನು ನಮ್ಮ ಕಾಲ ಬಂತೆಂದು ಇಬ್ಬರೂ ಬೀಗಿದೆವು.

ತಮ್ಮ ಜಾಣತನದ ಆಳ ಆಗ ನಮಗೆ ತಿಳಿದಿರಲಿಲ್ಲ. ಹೊಗೆ ಅಳೆಯುವುದು ಹೇಗೆಂದು ದೊಡ್ಡ ದೊಡ್ಡವರೇ ತಲೆ ಕೆರೆದುಕೊಳ್ಳುತ್ತಿರುವಾಗ, ತಾವು ಬೀದಿಯಲ್ಲಿ ನಿಂತು, ಕತ್ತೆತ್ತಿ, ಮಾಳಿಗೆಯ ಮೇಲೆ ಕಂಡ ಕೊಳವೆಗಳನ್ನು ಎಣಿಸಿ ಕರ ಬರೆದುಬಿಟ್ಟಿರಿ. ಮೂರು ಕಲ್ಲಿಟ್ಟು ಉರಿ ಹಾಕುವ ಮನೆಯ ಹೊಗೆ ಒಳಗೇ ಸುತ್ತುತ್ತದೆ; ಬೀದಿಗೆ ಬಾರದ ಅಂಥ ಮರ್ಯಾದಸ್ಥ ಹೊಗೆಗೆ ಕರವಿಲ್ಲ. ಊರ ಹೊರಗಿನ ಇಟ್ಟಿಗೆ ಭಟ್ಟಿ ಗಾಡಿಗಟ್ಟಲೆ ಜಾಲಿ ಸುಟ್ಟು ಮೈಯೆಲ್ಲ ಹೊಗೆಯಾಡುತ್ತದೆ. ಅದಕ್ಕೂ ಕೊಳವೆ ಇಲ್ಲ, ಅದಕ್ಕೂ ಕರವಿಲ್ಲ.

ಮೊನ್ನೆ ನಮ್ಮ ಗಿರಾಕಿ ಮೈಲಪ್ಪ ಬಂದು, ‘ಅಂಜಿನಕ್ಕ, ಒಲಿ ಚಲೋ ಐತಿ. ಕರ ಕಟ್ಟಾಕ ಆಗಂಗಿಲ್ಲ, ಕೊಳವಿ ಅಷ್ಟು ಕಿತ್ಕೊಂಡು ಹೋಗವ್ವ’ ಎಂದ. ಒಲೆ ಕಟ್ಟಿಸಲು ಒಪ್ಪಿದ್ದ ಒಂಬತ್ತು ಮನೆಯವರೂ ಈಗ ಬೇಡವೆಂದಿದ್ದಾರೆ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು; ಅದಕ್ಕೂ ಕೊಳವೆ ಇಲ್ಲವಾದ್ದರಿಂದ ತಾವು ಬರೆದುಕೊಳ್ಳಬೇಕಿಲ್ಲ. ಇನ್ನೊಂದು ತಿಂಗಳು ಹೀಗೇ ನಡೆದರೆ ನನ್ನ ಉದ್ಯೋಗ ಮುಗಿದು, ತಾವು ಉದ್ಯೋಗ ಕೊಡಲಿರುವ ಬಡ ಹೆಂಗಸರ ಪಟ್ಟಿಗೆ ನಾನೂ ಮಾಲಾಳೂ ಅರ್ಹರಾಗುತ್ತೇವೆ. ಇಷ್ಟು ಮುಂದಾಲೋಚನೆ ಇನ್ಯಾರಿಗಿದೆ, ಸ್ವಾಮಿ.

ಆದರೂ ಬಿನ್ನಹವೊಂದಿದೆ. ಒಂದು ದಿನ ಮೂರು ಕಲ್ಲಿನ ಅಡುಗೆಮನೆಯೊಳಗೆ ಬಂದು, ರೊಟ್ಟಿ ಬಡಿದು ಮುಗಿಯುವ ತನಕ ಕೂತು, ಕೊಳವೆಯ ಬದಲು ಕೆಮ್ಮು ಎಣಿಸಿರಿ. ಆಮೇಲೆ ಸುಟ್ಟ ಸೌದೆಯ ಗಾಡಿ ಲೆಕ್ಕದಲ್ಲಿ ಭಟ್ಟಿಗೆ ಕರ ಹಾಕಿ, ಅದರಲ್ಲಿ ಆ ಮನೆಗಳಿಗೆ ಒಲೆ ಕಟ್ಟಿಸಿರಿ, ಕಟ್ಟಲು ನಾವಿದ್ದೇವೆ. ಇದು ಕಷ್ಟವೆನಿಸಿದರೆ, ಊರ ಹೊಗೆಯೆಲ್ಲ ಸಾಲುಗಟ್ಟಿ ತಮ್ಮ ಕಚೇರಿಗೆ ತಾನೇ ನಡೆದುಬಂದು ರಸೀದಿ ಪಡೆಯಬೇಕೆಂದು ಆಜ್ಞೆ ಹೊರಡಿಸಿರಿ.

ಕರಕ್ಕೊಳಪಟ್ಟ
ತಮ್ಮ ವಿಶ್ವಾಸಿ,
ಅಂಜಿನಕ್ಕ
ಹಡಗಲಿ ತಾಲ್ಲೂಕು, ಮಾರ್ಚ್ 1999

ತಾಜಾಕಲಂ: ನಿನ್ನೆ ತಮ್ಮ ತಾಯಿ ಅನ್ನದಾನಮ್ಮನವರು ಕೆಮ್ಮುತ್ತಲೇ ಬಂದು ಒಂದು ಒಲೆಗೆ ಹೇಳಿ ಹೋಗಿದ್ದಾರೆ. ಕೊಳವೆ ಎಷ್ಟು ಎತ್ತರವಿರಲಿ ಎಂದು ಕೇಳಿದೆ. ‘ನನ್ನ ಮಗ ಬೀದ್ಯಾಗ ನಿಂತು ಎಣಸ್ತಾನ, ಅವ್ನಿಗೆ ಚೆಂದಾಗಿ ಕಾಣಂಗ ಇಡು’ ಎಂದರು. ಸೋಮವಾರ ಬೆಳಿಗ್ಗೆ ಕೊಳವೆ ಏರುತ್ತದೆ. ರಸೀದಿ ಪುಸ್ತಕದೊಂದಿಗೆ ತಾವು ಮನೆಯಲ್ಲೇ ಇರಬೇಕಾಗಿ ವಿನಂತಿ.